ಸೋಮವಾರ ಎಂಟೂವರೆಯ ಟಿಕ್

ಕಳೆದ ಮಳೆಗಾಲದಲ್ಲಿ ನಮ್ಮ ವಿಜ್ಞಾನದ ಮೇಷ್ಟ್ರು ತೀರಿಕೊಂಡರು. ಸಂತಾಪ ಸಭೆಯಲ್ಲಿ ಎದ್ದು ನಿಂತವರೆಲ್ಲ ಅವರ ಶಿಸ್ತು, ಬಿಳಿ ಪಂಚೆ, ಮೇಜಿನ ಮೇಲಿನ ಬೆತ್ತ ಇವನ್ನೇ ನೆನೆದರು. ಪಾಠದಲ್ಲಿ ಏನು ಹೇಳಿಕೊಟ್ಟರು ಎಂದರೆ ಒಬ್ಬರಿಗೂ ನೆಟ್ಟಗೆ ನೆನಪಿಲ್ಲ. ಆದರೆ 1980ರ ಆಚೀಚೆ ಓದಿದ ಯಾರನ್ನೇ ಕೇಳಿ, ಸೋಮವಾರ ಬೆಳಗ್ಗೆ ಎಂಟೂವರೆಗೆ ಲ್ಯಾಬಿನ ಕಿಟಕಿಯಿಂದ ಬರುತ್ತಿದ್ದ ಟಿಕ್ ಟಿಕ್ ಸದ್ದು ಎಲ್ಲರಿಗೂ ನೆನಪಿದೆ. ಸ್ಮರಣ ಸಂಚಿಕೆಗೆ ಗುಣಗಾನ ಬೇರೆಯವರು ಬರೆಯುತ್ತಾರೆ. ಆ ಟಿಕ್ ಹಿಡಿದು ಮೇಷ್ಟ್ರು ಶಾಲೆಯ ಗಡಿಯಾರಕ್ಕೆ ಟೈಮ್ ಇಡುತ್ತಿದ್ದ ಕ್ರಮವನ್ನು ನಾನು ಬರೆದಿಡುತ್ತೇನೆ. ಅದನ್ನು ಮೊದಲಿನಿಂದ ಕೊನೆಯವರೆಗೆ ಹೇಳಬಲ್ಲವರು ನಮ್ಮ ಬ್ಯಾಚಿನಲ್ಲಿ ಈಗ ಇಬ್ಬರೋ ಮೂವರೋ ಉಳಿದಿದ್ದೇವೆ.

ಟಿಕ್ ಬರುತ್ತಿದ್ದುದು ದೆಹಲಿಯಿಂದ. ಅಲ್ಲಿನ ರಾಷ್ಟ್ರೀಯ ಭೌತ ಪ್ರಯೋಗಾಲಯ, ಅಂದರೆ ಎನ್‌ಪಿಎಲ್, ಎಟಿಎ ಎಂಬ ಕರೆ-ಹೆಸರಿನಲ್ಲಿ ಶಾರ್ಟ್‌ವೇವ್ 10 ಮೆಗಾಹರ್ಟ್ಸ್‌ನಲ್ಲಿ ಸಮಯದ ಸಂಕೇತ ಬಿತ್ತರಿಸುತ್ತಿತ್ತು. ಸೆಕೆಂಡಿಗೊಂದು ಚಿಕ್ಕ ಟಿಕ್, ನಿಮಿಷ ಶುರುವಾಗುವಾಗ ಉದ್ದನೆಯದು, ನಡುನಡುವೆ ಮೋರ್ಸ್‌ನಲ್ಲಿ ಹೆಸರು: ಡಿಡಾ, ಡಾ, ಡಿಡಾ. ಲ್ಯಾಬಿನಲ್ಲಿದ್ದುದು ಹಳೆಯ ವಾಲ್ವ್ ರೇಡಿಯೊ. ಅದರ ಡಯಲಿನಲ್ಲಿ 10 ಮೆಗಾಹರ್ಟ್ಸ್ ಎಂದು ಎಲ್ಲೂ ಬರೆದಿರಲಿಲ್ಲ. 31 ಮೀಟರಿಗೂ 25 ಮೀಟರಿಗೂ ನಡುವಿನ ಖಾಲಿ ಜಾಗದಲ್ಲಿ, 31ರ ಕಡೆಗೆ ವಾಲಿದಂತೆ ಹುಡುಕಬೇಕು. ಮೇಷ್ಟ್ರು ಅಲ್ಲೊಂದು ಕೆಂಪು ಚುಕ್ಕೆ ಇಟ್ಟಿದ್ದರು. ಸ್ವಿಚ್ ಹಾಕಿದ ಕೂಡಲೇ ಹುಡುಕಿದರೆ ಸ್ಟೇಷನ್ ಜಾರಿ ಹೋಗುತ್ತದೆ. ವಾಲ್ವ್ ಕಾದು ಆಸಿಲೇಟರ್ ನೆಲೆಗೊಳ್ಳಲು ಇಪ್ಪತ್ತು ನಿಮಿಷ ಬೇಕು, ಹಾಗಾಗಿ ಎಂಟು ಗಂಟೆಗೇ ಅಟೆಂಡರ್ ಸೆಟ್ ಹಾಕಿಡುತ್ತಿದ್ದರು.

ಆ ಸೆಟ್ಟಿನಲ್ಲಿ ಅದೇ ಟಿಕ್ ಇನ್ನೊಂದು ಜಾಗದಲ್ಲೂ, 9.09 ಮೆಗಾಹರ್ಟ್ಸ್ ಹತ್ತಿರ, ಸಣ್ಣಗೆ ಕೇಳುತ್ತಿತ್ತು. ಹುಡುಗರು ಎರಡನೇ ಸ್ಟೇಷನ್ ಸಿಕ್ಕಿತೆಂದು ಕುಣಿಯುತ್ತಿದ್ದರು. ರೇಡಿಯೊದ ಐಎಫ್, ಅಂದರೆ ಬಂದ ಸಿಗ್ನಲನ್ನು ಸೆಟ್ಟು ಒಳಗೆ ಬದಲಿಸಿಕೊಳ್ಳುವ ಮಧ್ಯಂತರ ಆವರ್ತನ, 455 ಕಿಲೊಹರ್ಟ್ಸ್ ಆದ್ದರಿಂದ ಅದರ ಎರಡರಷ್ಟು, 910 ಕಿಲೊಹರ್ಟ್ಸ್ ಕೆಳಗೆ, ನೆರಳು ಬೀಳುತ್ತದೆ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಕಳೆದು ತೋರಿಸುತ್ತಿದ್ದರು. ನೆರಳನ್ನು ಹಿಡಿದು ಗಡಿಯಾರ ಇಟ್ಟರೂ ಟೈಮ್ ಸರಿಯೇ ಇರುತ್ತದೆ, ಸದ್ದು ಸಣ್ಣದು ಅಷ್ಟೇ.

ಕೆಲವು ದಿನ ಟಿಕ್ ಜೊತೆ ಸಣ್ಣ ಶಿಳ್ಳೆಯೂ ಬರುತ್ತಿತ್ತು. ಅದು ಮಾಸ್ಕೋದ ಸಮಯ ಸಂಕೇತದ ಸ್ಟೇಷನ್ ಆರ್‌ಡಬ್ಲ್ಯೂಎಂ, 9,996 ಕಿಲೊಹರ್ಟ್ಸ್. ಎಟಿಎಗೂ ಅದಕ್ಕೂ 4 ಕಿಲೊಹರ್ಟ್ಸ್ ಅಂತರ, ಆ ಅಂತರವೇ ಶಿಳ್ಳೆಯಾಗಿ ಕೇಳುವುದು. ಆರ್‌ಡಬ್ಲ್ಯೂಎಂ ಪ್ರತಿ ಅರ್ಧ ಗಂಟೆಯ ಮೊದಲ ಎಂಟು ನಿಮಿಷ ಬರೀ ಅಲೆ ಕಳಿಸುತ್ತದೆ, 10ರಿಂದ 20ನೇ ನಿಮಿಷದವರೆಗೆ ಸೆಕೆಂಡಿಗೊಂದು ಬಡಿತ, 20ರಿಂದ 30ರವರೆಗೆ ಸೆಕೆಂಡಿಗೆ ಹತ್ತು. ಹಾಗಾಗಿ ಎಂಟೂವರೆಗೆ ಒಂದೇ ಸಮನೆ ಕೂಗುವ ಶಿಳ್ಳೆ 8.40ಕ್ಕೆ ಕತ್ತರಿಸಿ ಕತ್ತರಿಸಿ ಬರತೊಡಗಿದರೆ ಮಾಸ್ಕೋ ಎಂದು ಗೊತ್ತಾಗುತ್ತದೆ. ಮನೆ ರೇಡಿಯೊದಲ್ಲಿ ಅದೊಂದನ್ನೇ ಹಿಡಿದರೆ ಏನೂ ಕೇಳುವುದಿಲ್ಲ, ಅಲೆ ಬಂದಾಗ ಗರಗರ ಸ್ವಲ್ಪ ತಗ್ಗುತ್ತದೆ ಅಷ್ಟೇ. ಪಕ್ಕದಲ್ಲಿ ಇನ್ನೊಂದು ಅಲೆ ಇದ್ದರೆ ಮಾತ್ರ ಅದಕ್ಕೆ ಬಾಯಿ ಬರುತ್ತದೆ.

ಏರಿಯಲ್ ಬಗ್ಗೆ ಮೇಷ್ಟ್ರಿಗೆ ಬಹಳ ಹಟ. 10 ಮೆಗಾಹರ್ಟ್ಸ್‌ನ ಅಲೆ 30 ಮೀಟರ್. ಅರ್ಧ ಅಲೆಯ ತಂತಿ ಲೆಕ್ಕಕ್ಕೆ 15 ಮೀಟರ್, ತುದಿಗಳ ಪರಿಣಾಮ ಕಳೆದರೆ 14.3. ನಡುವೆ ಕತ್ತರಿಸಿ, ಎರಡು ತುಂಡಿನಿಂದಲೂ ವೈರ್ ಇಳಿಸಿದ್ದರು. ದೆಹಲಿ ನಮಗೆ ಉತ್ತರಕ್ಕಿರುವುದರಿಂದ ತಂತಿಯನ್ನು ಪೂರ್ವ-ಪಶ್ಚಿಮವಾಗಿ, ಚಾವಣಿಯ ಗಳುವಿನಿಂದ ತೆಂಗಿನ ಮರಕ್ಕೆ ಎಳೆದಿದ್ದರು. ಗಾಳಿಗೆ ಮರ ತೂಗಿದರೆ ತಂತಿ ಹರಿಯುತ್ತದೆ. ಅದಕ್ಕೆ ಮರದ ಕಡೆ ರಾಟೆ ಕಟ್ಟಿ, ಹಗ್ಗದ ತುದಿಗೆ ಕಲ್ಲು ತೂಗುಹಾಕಿದ್ದರು. ಮರ ವಾಲಿದಂತೆ ಕಲ್ಲು ಏರಿಳಿಯುತ್ತಿತ್ತು. ಎರಡೂ ತುದಿಗೆ ಪಿಂಗಾಣಿ ಇನ್ಸುಲೇಟರ್ ಇರಲೇಬೇಕು. ಇಲ್ಲದಿದ್ದರೆ ಮಲೆನಾಡಿನ ಮಳೆಯಲ್ಲಿ ನೆನೆದ ಮರಕ್ಕೇ ಸಿಗ್ನಲ್ ಸೋರುತ್ತದೆ. ಟ್ಯೂಬ್‌ಲೈಟ್ ಆರಿಸಬೇಕು, ಫ್ಯಾನ್ ನಿಲ್ಲಿಸಬೇಕು. ಹೆಡ್‌ಮಾಸ್ಟರ ಮೋಟರ್‌ಸೈಕಲ್ ಗೇಟಿಗೆ ಬಂತೆಂದರೆ ಅರ್ಧ ನಿಮಿಷ ಟಿಕ್ ಮುಳುಗಿಹೋಗುತ್ತಿತ್ತು, ಅದಕ್ಕೆ ಮದ್ದಿರಲಿಲ್ಲ.

ಗಡಿಯಾರ ಆಫೀಸಿನ ಗೋಡೆಯಲ್ಲಿ, ರೇಡಿಯೊ ಲ್ಯಾಬಿನಲ್ಲಿ. ನಡುವೆ ಉದ್ದನೆಯ ಜಗಲಿ. ಟೈಮನ್ನು ಅಲ್ಲಿಂದ ಇಲ್ಲಿಗೆ ಹೊರಬೇಕಾದದ್ದು ಸ್ಟಾಪ್‌ವಾಚ್. ಉದ್ದ ಟಿಕ್ಕಿಗೆ ಅದನ್ನು ಓಡಿಸಿ, ಜಗಲಿ ದಾಟಿ, ಏಣಿ ಹತ್ತಿ, ನಿಮಿಷದ ಮುಳ್ಳು ಒಂದು ಗೆರೆಯನ್ನು ಸರಿಯಾಗಿ ಮುಚ್ಚಿದಾಗ ನಿಲ್ಲಿಸಬೇಕು. ಉದಾಹರಣೆಗೆ 8.30ರ ಟಿಕ್ಕಿಗೆ ಶುರು ಮಾಡಿದ್ದೀರಿ; ಗೋಡೆ ಗಡಿಯಾರ 8.32 ಮುಟ್ಟಿದಾಗ ಸ್ಟಾಪ್‌ವಾಚ್ 1 ನಿಮಿಷ 46 ಸೆಕೆಂಡು ತೋರಿಸಿದರೆ, ನಿಜವಾದ ಸಮಯ 8 ಗಂಟೆ 31 ನಿಮಿಷ 46 ಸೆಕೆಂಡು. ಗಡಿಯಾರ 14 ಸೆಕೆಂಡು ಮುಂದಿದೆ. ಮುಳ್ಳನ್ನು ಓರೆಯಾಗಿ ನೋಡಿದರೆ ಹತ್ತು ಸೆಕೆಂಡು ಸುಲಭವಾಗಿ ತಪ್ಪುತ್ತದೆ. ಒಂದು ಕಣ್ಣು ಮುಚ್ಚಿ, ಮೂಗನ್ನು ಗಾಜಿನ ನೇರಕ್ಕೆ ತಂದು ನೋಡಿದರೆ ಮೂರು ಸೆಕೆಂಡಿನೊಳಗೆ ಹೇಳಬಹುದು. ಸೆಕೆಂಡಿನ ಮುಳ್ಳಿಲ್ಲದ ಗಡಿಯಾರಕ್ಕೆ ಅದಕ್ಕಿಂತ ಹೆಚ್ಚು ಬೇಕಿಲ್ಲ.

ಒತ್ತುವುದರಲ್ಲೂ ಒಂದು ಪಾಠ ಇತ್ತು. ಟಿಕ್ ಕೇಳಿದ ಮೇಲೆ ಒತ್ತಿದರೆ ಐದನೇ ಒಂದು ಸೆಕೆಂಡು ತಡ. "ಕಿವಿಗೆ ಕಾಯಬೇಡ ಕಣಯ್ಯ, ತಾಳ ಹಿಡಿ" ಎನ್ನುತ್ತಿದ್ದರು. ಐವತ್ತರಿಂದ ಟಿಕ್ ಜೊತೆ ಬಾಯಲ್ಲಿ ಎಣಿಸುತ್ತ ಬಂದರೆ ಅರವತ್ತಕ್ಕೆ ಬೆರಳು ತಾನೇ ಇಳಿಯುತ್ತದೆ. ಶುರು ಮಾಡಿದವನೇ ನಿಲ್ಲಿಸಬೇಕು, ಅದೇ ಬೆರಳಿನಲ್ಲಿ. ಸಿಗ್ನಲ್ ಏರಿಳಿಯುತ್ತಿದ್ದರೆ, ಮುಳುಗುತ್ತಿರುವ ಟಿಕ್ ಹಿಡಿಯಬಾರದು, ಮುಂದಿನ ನಿಮಿಷಕ್ಕೆ ಕಾಯಬೇಕು. ಮೂರು ಸಲ ತೆಗೆದು ನಡುವಿನದನ್ನು ಬರೆಯುವುದು. ಸ್ಟಾಪ್‌ವಾಚನ್ನೂ ನಂಬುತ್ತಿರಲಿಲ್ಲ; ತಿಂಗಳಿಗೊಮ್ಮೆ ಅದನ್ನು ಹತ್ತು ನಿಮಿಷ ರೇಡಿಯೊ ಮುಂದೆಯೇ ಓಡಿಸಿ ನೋಡುತ್ತಿದ್ದರು.

ದೆಹಲಿಯಿಂದ ಇಲ್ಲಿಗೆ ಬರುವಷ್ಟರಲ್ಲಿ ಟಿಕ್ ಹಳೆಯದಾಗುವುದಿಲ್ಲವೇ ಎಂದು ಪ್ರತಿ ವರ್ಷ ಯಾರಾದರೂ ಒಬ್ಬ ಕೇಳುತ್ತಿದ್ದ. ಕೇಳಲಿ ಎಂದೇ ಮೇಷ್ಟ್ರು ಕಾಯುತ್ತಿದ್ದರು. ದೂರ ಸುಮಾರು 1,650 ಕಿಲೋಮೀಟರ್, ಅಲೆ 300 ಕಿಲೋಮೀಟರ್ ಎತ್ತರದ ಅಯಾನುಗೋಳಕ್ಕೆ ಬಡಿದು ಇಳಿಯುತ್ತದೆ, ಪೈಥಾಗೊರಸ್ ಹಾಕಿದರೆ ಹಾದಿ 1,750ರಷ್ಟು, ತಡ 6 ಮಿಲಿಸೆಕೆಂಡು. ಏಣಿಯ ಮೇಲಿನ ಮೂರು ಸೆಕೆಂಡಿನ ಮುಂದೆ ಇದು ಲೆಕ್ಕಕ್ಕೇ ಇಲ್ಲ. ಯಾವ ತಪ್ಪು ದೊಡ್ಡದು, ಯಾವುದು ಚಿಕ್ಕದು ಎಂದು ಅಳೆದು ನೋಡುವ ಈ ಅಭ್ಯಾಸ ನಮಗೆ ಪುಸ್ತಕದಿಂದ ಬಂದದ್ದಲ್ಲ.

14 ಸೆಕೆಂಡು ಮುಂದಿದ್ದ ಗಡಿಯಾರವನ್ನು ಮೇಷ್ಟ್ರು ಏನು ಮಾಡುತ್ತಿದ್ದರು? ಏನೂ ಮಾಡುತ್ತಿರಲಿಲ್ಲ, ಪುಸ್ತಕದಲ್ಲಿ ಬರೆಯುತ್ತಿದ್ದರು. ಗಡಿಯಾರ ತಪ್ಪಿದ್ದರೆ ಅವರಿಗೆ ಬೇಸರವಿರಲಿಲ್ಲ. ಎಷ್ಟು ತಪ್ಪು, ದಿನಕ್ಕೆ ಎಷ್ಟರಂತೆ ತಪ್ಪು ಎಂಬುದು ಗೊತ್ತಿಲ್ಲದಿದ್ದರೆ ಸಿಟ್ಟು ಬರುತ್ತಿತ್ತು. ಸಮುದ್ರಯಾನದ ಕ್ರೊನಾಮೀಟರ್ ಎಂಬ ನಿಖರ ಗಡಿಯಾರವನ್ನೂ ಹೀಗೇ ನೋಡಿಕೊಳ್ಳುತ್ತಾರೆ. ಮುಳ್ಳು ಮುಟ್ಟಿದರೆ ಹಿಂದಿನ ವಾರಗಳ ದಾಖಲೆಯೆಲ್ಲ ಹಾಳು. ಅರ್ಧ ನಿಮಿಷ ಮೀರಿದಾಗ ಮಾತ್ರ ಕೈ ಹಾಕುತ್ತಿದ್ದರು. ಗಂಟೆ ಹೊಡೆಯುವ ಗಡಿಯಾರದ ಮುಳ್ಳನ್ನು ಹಿಂದಕ್ಕೆ ತಿರುಗಿಸಬಾರದು, ಹೊಡೆತದ ಲೆಕ್ಕ ತಪ್ಪುತ್ತದೆ. ಮುಂದಿದ್ದರೆ ಲೋಲಕವನ್ನು ಒಂದು ಬದಿಗೆ ಹಿಡಿದು ನಿಲ್ಲಿಸಿ, ನಿಜವಾದ ಸಮಯ ಮುಳ್ಳಿನ ಬಳಿ ಬಂದಾಗ ಕೈ ಬಿಡಬೇಕು.

ದಿನದ ಓಟ ತಿದ್ದುವುದು ಲೋಲಕದ ತುದಿಯ ಗುಂಡಿನ ಕೆಳಗಿನ ನಟ್ಟಿನಲ್ಲಿ. ಸೆಕೆಂಡಿಗೆ ಎರಡು ಸಲ ಟಿಕ್ ಎನ್ನುವ ಗಡಿಯಾರದ ಲೋಲಕ ನಮ್ಮ ಕಡೆ 24.8 ಸೆಂಟಿಮೀಟರ್. ಅದರಲ್ಲಿ 1 ಮಿಲಿಮೀಟರ್ ವ್ಯತ್ಯಾಸವಾದರೆ ದಿನಕ್ಕೆ 174 ಸೆಕೆಂಡು. ನಟ್ಟನ್ನು ಒಂದು ಸುತ್ತು ತಿರುಗಿಸಿದರೆ ಎರಡು ನಿಮಿಷ, ಎಂಟನೇ ಒಂದು ಸುತ್ತಿಗೆ 15 ಸೆಕೆಂಡು. ಗುಂಡು ಮೇಲೇರಿದರೆ ಓಟ ಜಾಸ್ತಿ, ಇಳಿದರೆ ನಿಧಾನ. ತಿರುಗಿಸಿದ ಮೇಲೆ ಒಂದು ವಾರ ಮುಟ್ಟುವಂತಿಲ್ಲ. ಶಿವರಾತ್ರಿ ಕಳೆದು ಸೆಕೆ ಏರಿದಂತೆ ಕಬ್ಬಿಣದ ಸರಳು ಉದ್ದವಾಗಿ, ಹತ್ತು ಡಿಗ್ರಿಗೆ ದಿನಕ್ಕೆ 5 ಸೆಕೆಂಡು ಹಿಂದೆ ಬೀಳುತ್ತದೆ. ಅದನ್ನು ಕಂಡು ನಟ್ಟು ತಿರುಗಿಸಿದರೆ ಮಳೆ ಹಿಡಿದಾಗ ಮತ್ತೆ ತಿರುಗಿಸಬೇಕು. ಎಂಟು ದಿನದ ಗಡಿಯಾರವಾದರೂ ಕೀ ಕೊಡುವುದು ಪ್ರತಿ ಸೋಮವಾರ, ಅದೇ ಹೊತ್ತಿಗೆ. ಸ್ಪ್ರಿಂಗ್ ಸಡಿಲವಾದಂತೆ ಲೋಲಕದ ತೂಗಾಟ ಕಡಿಮೆಯಾಗಿ ಓಟ ಬದಲಾಗುವುದರಿಂದ, ಒಂದೇ ಬಿಗಿತದಲ್ಲಿ ಅಳೆದರೆ ಮಾತ್ರ ವಾರದಿಂದ ವಾರಕ್ಕೆ ಹೋಲಿಸಬಹುದು.

ಇನ್ನು ಅಟೆಂಡರ್. ರೈಲು ಕಂಬಿಯ ತುಂಡಿಗೆ ಸುತ್ತಿಗೆಯಿಂದ ಬಾರಿಸಿ ಪೀರಿಯಡ್ ಮುಗಿಸುತ್ತಿದ್ದವರು ಅವರು. ಓದು ನಾಲ್ಕನೇ ಕ್ಲಾಸು, ಕಿವಿ ಮಾತ್ರ ಮೇಷ್ಟ್ರಿಗಿಂತ ಚುರುಕು. ಸುಣ್ಣ ಬಳಿಯುವವರು ಗಡಿಯಾರ ಇಳಿಸಿ ಮತ್ತೆ ತೂಗುಹಾಕಿದ ದಿನ "ಸಾರ್, ಇದು ಕುಂಟ್ತಾ ಇದೆ" ಎಂದರು. ಟಿಕ್ಕಿಗೂ ಟಾಕಿಗೂ ಅಂತರ ಸಮವಿರಲಿಲ್ಲ. ಡಬ್ಬಿ ಒಂದಿಷ್ಟು ವಾಲಿದ್ದರೂ ಹೀಗಾಗುತ್ತದೆ, ಎರಡು ದಿನ ನಡೆದು ನಿಂತುಹೋಗುತ್ತದೆ. ಅವರು ಕಿವಿಗೊಟ್ಟು ಡಬ್ಬಿಯ ಬುಡವನ್ನು ಸರಿಸಿ ಸಮ ಮಾಡಿದರು.

ಕಿಡಿಗೇಡಿತನದ ಕಥೆ ಇಲ್ಲದೆ ಈ ಬರಹ ಮುಗಿದರೆ ನಮ್ಮ ಬ್ಯಾಚು ಒಪ್ಪುವುದಿಲ್ಲ. ಹತ್ತನೇ ಕ್ಲಾಸಿನ ಮೂವರು ಒಂದು ಸೋಮವಾರ ಮಧ್ಯಾಹ್ನ ತೂಕದ ಪೆಟ್ಟಿಗೆಯಿಂದ 5 ಗ್ರಾಮಿನ ಹಿತ್ತಾಳೆ ತೂಕ ತೆಗೆದು, ಲೋಲಕದ ಸರಳಿನ ನಡುಮಧ್ಯಕ್ಕೆ ದಾರದಲ್ಲಿ ಬಿಗಿದರು. ಗಂಟೆ ಬೇಗ ಹೊಡೆಯಲಿ, ಆಟಕ್ಕೆ ಬೇಗ ಬಿಡಲಿ ಎಂಬ ಆಸೆ. ಗುಂಡು 200 ಗ್ರಾಂ. ನಡುವಿನಲ್ಲಿ ಕಟ್ಟಿದ ತೂಕ ಓಟವನ್ನು ಅತಿ ಹೆಚ್ಚು ಏರಿಸುತ್ತದೆ. ಗುಂಡಿನ ಮೇಲೇ ಇಟ್ಟಿದ್ದರೆ ಅರ್ಧದಷ್ಟೂ ಆಗುತ್ತಿರಲಿಲ್ಲ. ದಿನಕ್ಕೆ ನಾಲ್ಕೂವರೆ ನಿಮಿಷದಂತೆ ಗುರುವಾರ ಮಧ್ಯಾಹ್ನಕ್ಕೆ ಹದಿಮೂರೂವರೆ ನಿಮಿಷ ಮುಂದೆ. ಸಂಜೆ ಬೇಗ ಬಿಟ್ಟದ್ದು ನಿಜ, ಆದರೆ ಬೆಳಗ್ಗೆಯೂ ಬೇಗ ಗಂಟೆ ಹೊಡೆದು ಬಸ್ಸಿನಲ್ಲಿ ಬರುವ ಅರ್ಧ ಶಾಲೆ ತಡವಾಯಿತು, ಆ ಮೂವರೂ ಸೇರಿ. ದೆಹಲಿ ಟೈಮ್ ನಮ್ಮದು ಎಂದು ಹೆಡ್‌ಮಾಸ್ಟರು ಬಸ್ ಕಂಡಕ್ಟರನ್ನೇ ಬೈದರು.

ಮೇಷ್ಟ್ರು ಗುರುವಾರವೇ ರೇಡಿಯೊ ಹಾಕಿ ಅಳೆದರು. ಡಬ್ಬಿಯ ಬಾಗಿಲು ತೆಗೆಯಲಿಲ್ಲ. ನೇರ ಕ್ಲಾಸಿಗೆ ಬಂದು ಬೋರ್ಡಿನಲ್ಲಿ ಬರೆದರು: ದಿನಕ್ಕೆ 86,400 ಸೆಕೆಂಡು, ನಡುವಿನಲ್ಲಿ ಕಟ್ಟಿದ್ದಾರೆಂದು ಇಟ್ಟುಕೊಂಡರೆ ಅದರ ಎಂಟನೇ ಒಂದು ಭಾಗ 10,800, ದಿನಕ್ಕೆ ಮುಂದೋಡಿದ 270 ಸೆಕೆಂಡನ್ನು ಅದರಿಂದ ಭಾಗಿಸಿ ಗುಂಡಿನ 200 ಗ್ರಾಮಿನಿಂದ ಗುಣಿಸಿ. "ಉತ್ತರ ಐದು ಗ್ರಾಂ. ತೂಕದ ಪೆಟ್ಟಿಗೇಲಿ ಐದು ಗ್ರಾಮಿಂದು ಇದೆಯೇನ್ರೋ, ಯಾರಾದ್ರೂ ನೋಡಿ." ಬೆತ್ತ ಆ ದಿನ ಮೇಜಿನ ಮೇಲೇ ಇತ್ತು, ಅದನ್ನು ಎತ್ತಲಿಲ್ಲ. ಆ ಮೂವರಲ್ಲಿ ಇಬ್ಬರು ಎಂಜಿನಿಯರಾಗಿ ನಿವೃತ್ತರಾಗಿದ್ದಾರೆ. ಹೆಸರು ಬರೆದರೆ ಮೊಮ್ಮಕ್ಕಳ ಮುಂದೆ ಮರ್ಯಾದೆ ಹೋದೀತು.

1981, 82, 83, ಮೂರೂ ವರ್ಷ ಜುಲೈ 1ರ ಬೆಳಗಿನ ಜಾವ ಹಾಸ್ಟೆಲಿನ ಹುಡುಗರನ್ನು ಎಬ್ಬಿಸಿ ರೇಡಿಯೊ ಮುಂದೆ ಕೂರಿಸಿದ್ದರು. ಭೂಮಿಯ ತಿರುಗಾಟಕ್ಕೆ ಹೊಂದಿಸಲು ಅಧಿಕ ಸೆಕೆಂಡು ಸೇರಿಸುವುದು ಗ್ರೀನಿಚ್‌ನ ಮಧ್ಯರಾತ್ರಿಗೆ, ನಮಗೆ ಆಗ ಬೆಳಗ್ಗೆ ಐದೂವರೆ. 5.29ರ ನಿಮಿಷಕ್ಕೆ 61 ಟಿಕ್. ಮಳೆಗಾಲದ ಮಿಂಚಿನ ಗರಗರದಲ್ಲಿ ಅಷ್ಟನ್ನೂ ತಪ್ಪದೆ ಎಣಿಸಿದವನಿಗೆ ಮೇಷ್ಟ್ರ ಮನೆಯಲ್ಲಿ ಕಾಫಿ. ಇಂಥ ಸೆಕೆಂಡು ಕೊನೆಯ ಬಾರಿ ಸೇರಿದ್ದು 2016ರ ಡಿಸೆಂಬರ್ 31ಕ್ಕೆ, ಅಂದರೆ ನಮ್ಮ 2017ರ ಹೊಸ ವರ್ಷದ ಬೆಳಗ್ಗೆ.

ಈಗ ಶಾಲೆಗಳಲ್ಲಿ ಗಂಟೆ ತಾನೇ ಹೊಡೆದುಕೊಳ್ಳುತ್ತದೆ. ಕರೆಂಟ್ ಹೋಗಿ ಬಂದರೆ ಟೈಮರ್ ಎಲ್ಲಿಂದಲೋ ಶುರುವಾಗುತ್ತದೆ, ಯಾರೋ ಮೊಬೈಲ್ ನೋಡಿ ಒತ್ತುತ್ತಾರೆ. ಮೊಬೈಲ್ ಸರಿಯಾಗಿಯೇ ತೋರಿಸುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಲೋಲಕ ತೂಗುವ ಮೊದಲೇ ರೆಕಾರ್ಡಿನಲ್ಲಿ ಗುರುತ್ವದ ಜಿ ಬೆಲೆ 9.8 ಎಂದು ಬರೆದಿಟ್ಟು, ಅದಕ್ಕೆ ತಕ್ಕ ರೀಡಿಂಗ್ ತುಂಬಿಸುವ ಮಕ್ಕಳನ್ನು ಕಂಡರೆ ಸಂಕಟವಾಗುತ್ತದೆ. ತಪ್ಪು ಬೇಡ ಎಂದು ಮಾರ್ಕು ಕೊಡುವವರೇ ಕಲಿಸಿದ್ದಾರೆ.

ಎಟಿಎ ಈಗ ಇಲ್ಲ. ಎನ್‌ಪಿಎಲ್ ಸಮಯ ಹಂಚುವುದು ಇಂಟರ್ನೆಟ್ ಮೂಲಕ. ಆದರೂ 10 ಮೆಗಾಹರ್ಟ್ಸ್ ಖಾಲಿಯಿಲ್ಲ. ಚೀನಾದ ಶಾನ್‌ಶಿ ಪ್ರಾಂತ್ಯದ ಪುಚೆಂಗ್‌ನಿಂದ ಬಿಪಿಎಂ ಎಂಬ ಸ್ಟೇಷನ್ ಅದೇ ಜಾಗದಲ್ಲಿ ಟಿಕ್ ಕಳಿಸುತ್ತದೆ. 5 ಮತ್ತು 15ರಲ್ಲೂ ಹುಡುಕಬಹುದು. ಲ್ಯಾಬಿನಲ್ಲಿ ಪ್ರಯತ್ನಿಸುವ ಮಕ್ಕಳಿಗೆ ಎರಡು ಮಾತು. 25ರಿಂದ 29, 55ರಿಂದ 59ನೇ ನಿಮಿಷಗಳಲ್ಲಿ ಅದು ಭೂಮಿಯ ತಿರುಗಾಟದ ಸಮಯ ಕಳಿಸುತ್ತದೆ, ಟಿಕ್ ಉದ್ದವಾಗಿರುತ್ತದೆ, ಆಗ ಗಡಿಯಾರ ಇಡಬೇಡಿ. ನಮ್ಮ ಸಮಯ ಬರಲು ಗ್ರೀನಿಚ್ ಸಮಯಕ್ಕೆ ಐದೂವರೆ ಗಂಟೆ ಕೂಡಿದರೂ ಈ ನಿಮಿಷಗಳು ತಮ್ಮೊಳಗೆ ಅದಲುಬದಲಾಗುತ್ತವೆ ಅಷ್ಟೇ. ಎರಡನೆಯದು, ಎಲ್‌ಇಡಿ ಬಲ್ಬು, ಚಾರ್ಜರ್, ಯುಪಿಎಸ್ ಎಲ್ಲ ಆಫ್ ಮಾಡಿ. ಇವುಗಳ ಗಲಾಟೆಯ ಮುಂದೆ ಹಳೆಯ ಟ್ಯೂಬ್‌ಲೈಟ್ ಸಾಧು.

ಮೇಷ್ಟ್ರ ಪುಸ್ತಕವನ್ನು ಶಾಲೆಯ ಲೈಬ್ರರಿಗೆ ಕೊಡಲು ಅವರ ಮನೆಯವರು ಒಪ್ಪಿದ್ದಾರೆ. ತೆರೆದು ನೋಡುವವರು ಮೊದಲ ಪುಟದ ಸೂಚನೆ ಓದಿಕೊಳ್ಳಿ: ಕೊನೆಯ ಕಾಲಮ್ಮಿನಲ್ಲಿರುವುದು ಗಡಿಯಾರದ ತಪ್ಪಲ್ಲ, ತಿದ್ದುಪಡಿ. ಪ್ಲಸ್ ಇದ್ದರೆ ಗಡಿಯಾರ ಹಿಂದಿದೆ, ತೋರಿಸಿದ್ದಕ್ಕೆ ಅಷ್ಟು ಕೂಡಬೇಕು. ಮೈನಸ್ ಇದ್ದರೆ ಮುಂದಿದೆ, ಕಳೆಯಬೇಕು.