ದಿನ ಕಳೆದ ದಿನಕರನ ಸಾಲು

ಕನ್ನಡ ಪತ್ರಿಕೆಗಳಲ್ಲಿ ನಾವು ದಿನವೂ ಬಿಡಿಸುವ ಪದಬಂಧ ಹೆಚ್ಚಾಗಿ ಅರ್ಥ ಕೇಳುವಂಥದ್ದು. ‘ಸಮುದ್ರ (3)’ ಎಂದಿದ್ದರೆ ಸಾಗರವೋ ಜಲಧಿಯೋ ಎಂಬುದನ್ನು ಅಡ್ಡ ಬರುವ ಪದ ನೋಡಿ ತೀರ್ಮಾನಿಸಿದರಾಯಿತು. ಗೂಢ ಪದಬಂಧದ ಸುಳಿವಾದರೋ ಮೇಲ್ನೋಟಕ್ಕೆ ಸಹಜವಾದ ಒಂದು ವಾಕ್ಯದಂತಿದ್ದು, ಒಳಗೆ ಎರಡು ತುಂಡಾಗಿರುತ್ತದೆ. ಒಂದು ತುಂಡು ಉತ್ತರದ ಅರ್ಥವನ್ನು ಹೇಳಿದರೆ, ಇನ್ನೊಂದು ಅದೇ ಉತ್ತರವನ್ನು ಅಕ್ಷರ ಅಕ್ಷರವಾಗಿ ಕಟ್ಟುವ ಬಗೆಯನ್ನು ಹೇಳುತ್ತದೆ. ಇವೆರಡರ ನಡುವಿನ ಗೆರೆ ಎಲ್ಲಿದೆ ಎಂಬುದು ಕಾಣದಂತೆ ವಾಕ್ಯ ಹೆಣೆಯುವುದರಲ್ಲಿ ರಚಿಸುವವರ ಜಾಣತನವಿದೆ.

ಶಿರಸಿಯಲ್ಲಿರುವ ನನ್ನ ಪರಿಚಯದ ಒಬ್ಬ ನಿವೃತ್ತ ಗಣಿತದ ಮಾಸ್ತರರು ಇಂಥ ಪದಬಂಧಗಳನ್ನು ಕನ್ನಡದಲ್ಲಿ ರಚಿಸುತ್ತಾರೆ. ಚೌಕುಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಮನೆಗಳನ್ನು ಎಳೆದು, ಫೋಟೋ ತೆಗೆದು, ಆಸಕ್ತಿಯುಳ್ಳ ನಾಲ್ಕಾರು ಜನರಿಗೆ ವಾಟ್ಸ್ಯಾಪಿನಲ್ಲಿ ಕಳಿಸುವುದು ಅವರ ರೂಢಿ. ಈ ಸಲದ ಪದಬಂಧ ಪೂರ್ತಿಯಾಗಿ ನಮ್ಮ ಜಿಲ್ಲೆಯ ಸುತ್ತಲೇ ಹೆಣೆದದ್ದಾಗಿತ್ತು. ಕಾರವಾರದಲ್ಲಿ ಕುಳಿತು ಅದನ್ನು ಬಿಡಿಸಿದ ನನಗೆ, ಕನ್ನಡದ ಗೂಢ ಸುಳಿವು ನ್ಯಾಯವಾಗಿದೆಯೋ ಇಲ್ಲವೋ ಎಂಬುದು ಕೊನೆಗೆ ನಮ್ಮ ವಿಭಕ್ತಿ ಮತ್ತು ಸಂಧಿಗಳ ಮೇಲೆಯೇ ನಿಲ್ಲುತ್ತದೆ ಎಂದು ಮನವರಿಕೆಯಾಯಿತು.

ಮೊದಲು ಸುಲಭದವು. ‘ಹಸುವಿನ ಬೆನ್ನಿಗೇ ಕುಂತಿಯ ಚೊಚ್ಚಲ ಮಗ ಬಂದ ಕ್ಷೇತ್ರ (3)’ ಎಂಬುದರಲ್ಲಿ ‘ಗೋ’ ಮತ್ತು ‘ಕರ್ಣ’ ಸೇರಿ ಗೋಕರ್ಣವಾಗುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ‘ತೋಪು ಗುಣವಾದಾಗ ಪಂಪನಿಗೆ ನೆನಪಾದದ್ದು (4)’ ಎಂಬುದಕ್ಕೆ ‘ಬನ’ದ ಜೊತೆ ‘ವಾಸಿ’. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಪಂಪು ಅಡಿಕೆ ಬೆಳೆಗಾರರಿಗೆ ಒಂದು ಕ್ಷಣ ನೆನಪಾಗಲಿ ಎಂಬ ಕಿಡಿಗೇಡಿತನ ಅದರಲ್ಲಿದೆ. ಆದರೂ ಪಂಪನ ಹೆಸರು ಕಂಡೊಡನೆ ಬನವಾಸಿ ಎಂದು ಬರೆಯದ ಕನ್ನಡಿಗನಿಲ್ಲವಾದ್ದರಿಂದ, ಕಟ್ಟುವ ಭಾಗವನ್ನು ಓದುವ ಅಗತ್ಯವೇ ಬೀಳುವುದಿಲ್ಲ. ಹಾಗಾಗಿ ಸುಳಿವಿನ ಲೆಕ್ಕದಲ್ಲಿ ಇದು ಸಪ್ಪೆ.

‘ಮಾರಿಕಾಂಬೆಯ ಊರು ಸಂಸ್ಕೃತ ಪಂಡಿತರ ತಲೆಯಲ್ಲಿ (3)’ ಎಂಬುದು ಹಾಗಲ್ಲ. ಉತ್ತರ ಗೊತ್ತಿದ್ದರೂ ಕಟ್ಟಿದ ಬಗೆ ಹೊಳೆಯುವವರೆಗೆ ಸಮಾಧಾನವಾಗದು. ‘ಶಿರಸ್’ ಎಂಬ ಶಬ್ದದ ಸಪ್ತಮೀ ಏಕವಚನ ‘ಶಿರಸಿ’, ಅಂದರೆ ತಲೆಯಲ್ಲಿ. ಊರಿನ ಹೆಸರೇ ವಿಭಕ್ತಿಯನ್ನು ಹೊತ್ತು ಕೂತಿರುವುದನ್ನು ಅದೇ ಊರಿನವರು ಗಮನಿಸಿದ್ದು ನನಗೆ ಬಹಳ ಹಿಡಿಸಿತು.

ಇಂಗ್ಲಿಷಿನ ಗೂಢ ಪದಬಂಧಕ್ಕೆ ಇನ್ನೂ ನೂರೈವತ್ತು ವರ್ಷವೂ ಆಗಿಲ್ಲ. ಆರ್ಥರ್ ವಿನ್ ಎಂಬವನು 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದು ಸರಳವಾದ ಪದಬಂಧ. ಅದಕ್ಕೆ ಗೂಢತೆ ಬಂದದ್ದು ಬ್ರಿಟನ್ನಿನಲ್ಲಿ, 1920ರ ದಶಕದಲ್ಲಿ. ‘ಅಬ್ಸರ್ವರ್’ ಪತ್ರಿಕೆಗೆ ರಚಿಸುತ್ತಿದ್ದ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ ‘ಟಾರ್ಕ್ವೆಮಾಡಾ’ ಎಂದು ಸಹಿ ಹಾಕಿದರೆ, ಅವನ ನಂತರ ಬಂದ ಡಿ. ಎಸ್. ಮ್ಯಾಕ್‌ನಟ್ ‘ಕ್ಸಿಮೆನೀಸ್’ ಎಂದು ಸಹಿ ಹಾಕಿದ. ಎರಡೂ, ಮತದ ದಾರಿ ತಪ್ಪಿದರೆಂದು ಜನರನ್ನು ಹಿಡಿದು ಶಿಕ್ಷಿಸುತ್ತಿದ್ದ ಸ್ಪೇನಿನ ಧರ್ಮವಿಚಾರಣೆಯ ಮುಖ್ಯಸ್ಥರ ಹೆಸರುಗಳು. ಗಣಿತ ಕಲಿಸಿದ ನಮ್ಮ ಮಾಸ್ತರರಿಗೆ ಅಂಥ ಭಯಂಕರ ಹೆಸರಿನ ಅಗತ್ಯ ಬಿದ್ದಿಲ್ಲ. ಸುಳಿವಿನಲ್ಲಿ ಖಚಿತವಾದ ಅರ್ಥವಿರಬೇಕು, ನ್ಯಾಯವಾದ ಕಟ್ಟುವಿಕೆಯಿರಬೇಕು, ಇವೆರಡನ್ನು ಬಿಟ್ಟು ಮತ್ತೇನೂ ಇರಬಾರದು ಎಂಬುದು ಕ್ಸಿಮೆನೀಸನ ಪಂಥದವರು ಇಂದಿಗೂ ಪಾಲಿಸುವ ನಿಯಮ.

ಈ ನಿಯಮವನ್ನು ಕನ್ನಡಕ್ಕೆ ತಂದಾಗ ತೊಡಕು ಶುರುವಾಗುತ್ತದೆ. ನಮ್ಮ ಪದಬಂಧದ ಒಂದು ಮನೆಯಲ್ಲಿ ಕೂರುವುದು ಗುಣಿತವನ್ನೂ ಒತ್ತನ್ನೂ ಕೂಡಿಸಿಕೊಂಡ ಇಡೀ ಅಕ್ಷರ. ಗೋಕರ್ಣದ ‘ರ್ಣ’ ಒಂದೇ ಮನೆ. ಅದನ್ನು ಹಾಯ್ದು ಹೋಗುವ ಪದದಲ್ಲಿಯೂ ಅದೇ ‘ರ್ಣ’ ಇರಬೇಕಾದ್ದರಿಂದ ಪೂರ್ಣ, ವರ್ಣ, ಸುವರ್ಣಗಳಂಥ ಕೆಲವೇ ಪದಗಳಿಗೆ ಜೋತುಬೀಳಬೇಕಾಗುತ್ತದೆ. ಆದರೆ ಪದವನ್ನು ತಿರುಗಿಸುವ ಆಟಕ್ಕೆ ಇದೇ ಅಕ್ಷರ ಒದಗಿಬರುವ ರೀತಿ ಬೆರಗು ಹುಟ್ಟಿಸುವಂಥದ್ದು. ‘ಕಾಳಿಯಂಥದ್ದು ಹಿಂದಕ್ಕೆ ಹರಿದರೆ ಇಪ್ಪತ್ತನಾಲ್ಕು ಗಂಟೆ (2)’ ಎಂಬ ಸುಳಿವನ್ನು ನೋಡಿ. ಉಬ್ಬರದ ಹೊತ್ತಿನಲ್ಲಿ ಕಾರವಾರದ ಕೋಡಿಬಾಗದ ದಡದಲ್ಲಿ ನಿಂತವರಿಗೆ ಕಾಳಿ ಹಿಂದಕ್ಕೆ ಹರಿಯುವುದು ಹೊಸ ಸಂಗತಿಯಲ್ಲ. ಕಾಳಿಯಂಥದ್ದು ನದಿ, ನದಿಯನ್ನು ಹಿಂದಿನಿಂದ ಓದಿದರೆ ದಿನ. ‘ಕಾಳಿ’ ಎಂದಷ್ಟೇ ಬರೆದಿದ್ದರೆ ಉದಾಹರಣೆಯನ್ನೇ ಅರ್ಥವೆಂದು ಕೊಟ್ಟಂತಾಗುತ್ತಿತ್ತು. ‘ಅಂಥದ್ದು’ ಎಂಬ ಒಂದು ಮಾತು ಆ ಲೆಕ್ಕವನ್ನು ಸರಿಮಾಡಿದೆ.

ಅದಕ್ಕಿಂತ ಸೊಗಸಾದದ್ದು ‘ಕಾಳಿ ದಡದಲ್ಲಿ ಸದಾ ತಿರುಗುವ ಕವಿ (4)’. ಕಾರವಾರದವರಿಗೆ ಇಲ್ಲಿ ರವೀಂದ್ರನಾಥ ಠಾಕೂರರು ನೆನಪಾಗುವುದು ಸಹಜ, ಇಲ್ಲಿನ ಕಡಲ ತೀರಕ್ಕೆ ಅವರ ಹೆಸರೇ ಇದೆ. ಅವರನ್ನು ಬಿಟ್ಟರೆ ಅಂಕೋಲೆಯ ದಿನಕರ ದೇಸಾಯಿಯವರು. ‘ದಿನಕರ’ ಎಂಬುದು ನಾಲ್ಕೇ ಅಕ್ಷರವಾದ್ದರಿಂದ ಮನೆಗಳಿಗೂ ಸರಿಹೊಂದುತ್ತದೆ. ಆದರೆ ಪದಬಂಧದ ಇನ್ನೊಂದು ಸುಳಿವಿನಲ್ಲಿ ದಿನಕರ ಎಂಬ ಹೆಸರು ಬಹಿರಂಗವಾಗಿಯೇ ಇದ್ದುದರಿಂದ ಅದನ್ನು ಕೈಬಿಟ್ಟೆ. ‘ತಿರುಗು’ ಎಂದರೆ ಅಡ್ಡಾಡು ಎಂದೂ ಆಗುತ್ತದೆ, ಹಿಂದುಮುಂದಾಗು ಎಂದೂ ಆಗುತ್ತದೆ. ‘ಸದಾ’ ತಿರುಗಿದರೆ ‘ದಾಸ’. ಅದು ಕಾಳಿಯ ಪಕ್ಕಕ್ಕೆ ಬಂದು ನಿಂತರೆ ಕಾಳಿದಾಸ. ಒಂದು ಪದವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಕವಿ ಎಂಬ ಅರ್ಥ ಕಣ್ಣೆದುರಿಗೇ ಇದೆ.

ಕಾಳಿದಾಸನ ಎರಡನೆಯ ಅಕ್ಷರದಲ್ಲಿ ಬಂದು ಮುಗಿಯುವುದು ಈ ಪದಬಂಧದ ಅತಿ ಕಠಿಣವಾದ ಸುಳಿವು: ‘ದಿನ ಕಳೆದ ದಿನಕರನ ಸಾಲು ಕಡಲಂಚಿನಲ್ಲಿ (4)’. ಚೌಪದಿಗಳ ಕವಿ ದಿನಕರ ದೇಸಾಯಿಯವರು 1982ರಲ್ಲಿ ತೀರಿಕೊಂಡವರು. ಅವರ ಕವಿತೆಯ ಸಾಲೊಂದನ್ನು ಯಾರೋ ಕಡಲಿನ ಬಳಿ ನೆನೆಯುತ್ತಿದ್ದಾರೆ ಎಂದು ಓದಿದರೆ ಓದಬಹುದು. ದಿನಕರನೆಂದರೆ ಸೂರ್ಯನೆಂದುಕೊಂಡು ಮುಳುಗುವ ಹೊತ್ತನ್ನು ಕಲ್ಪಿಸಿಕೊಂಡರೂ ತಪ್ಪಿಲ್ಲ. ಎರಡು ಓದೂ ದಾರಿ ತಪ್ಪಿಸುವುದಕ್ಕೇ ಇರುವಂಥವು. ಕೊನೆಯ ಮನೆಯಲ್ಲಿ ‘ಳಿ’ ಕೂತ ಮೇಲೆ, ‘ಕಳೆದ’ ಎಂಬುದನ್ನು ಗಣಿತದ ಮಾಸ್ತರರು ಗಣಿತದ ಅರ್ಥದಲ್ಲಿಯೇ ಬಳಸಿರಬೇಕೆಂಬ ಸಂಶಯ ಬಂದಿತು. ‘ದಿನಕರ’ದಿಂದ ‘ದಿನ’ ಕಳೆದರೆ ಉಳಿಯುವುದು ‘ಕರ’. ಸಾಲು ಎಂದರೆ ‘ಆವಳಿ’, ದೀಪಾವಳಿಯಲ್ಲಿರುವುದು ಇದೇ. ಕರ ಮತ್ತು ಆವಳಿ ಸೇರಿ ಸವರ್ಣದೀರ್ಘ ಸಂಧಿಯಾಗಿ ಕರಾವಳಿ.

ಬಿಡಿಸಿದ ಸಂತೋಷ ತಣಿದ ಮೇಲೆ ಎರಡು ತಕರಾರುಗಳು ಉಳಿದವು. ಸಂಧಿಯಾಗುತ್ತದೆ ಎಂಬ ಸೂಚನೆ ಸುಳಿವಿನಲ್ಲಿ ಎಲ್ಲಿಯೂ ಇಲ್ಲ, ಇದು ಸರಿಯೇ? ಸರಿಯೆಂದೇ ನನ್ನ ತೀರ್ಮಾನ, ಮತ್ತು ಅದಕ್ಕೆ ಆಧಾರ ಸಂಸ್ಕೃತದ ಆಲಂಕಾರಿಕ ದಂಡಿಯ ‘ಕಾವ್ಯಾದರ್ಶ’. ಅದರ ಮೂರನೆಯ ಪರಿಚ್ಛೇದದಲ್ಲಿ ದಂಡಿ ಹದಿನಾರು ಬಗೆಯ ಪ್ರಹೇಳಿಕೆಗಳನ್ನು, ಅಂದರೆ ಒಗಟುಗಳನ್ನು, ಹೇಳುತ್ತಾನೆ. ಮೊದಲನೆಯದಾದ ‘ಸಮಾಗತಾ’ ಎಂಬುದರ ಲಕ್ಷಣವೇ ಪದಗಳ ಸಂಧಿಯಲ್ಲಿ ಅರ್ಥ ಅಡಗಿರುವುದು. ಅಕ್ಷರಗಳ ಎಣಿಕೆಯಿಂದ ಕಟ್ಟುವ ‘ಸಂಖ್ಯಾತಾ’ ಎಂಬ ಬಗೆಗೆ ಅವನು ಕೊಡುವ ಉದಾಹರಣೆಯಂತೂ ಇಂದಿನ ಯಾವ ಗೂಢ ಸುಳಿವಿಗೂ ಕಡಿಮೆಯಿಲ್ಲ. ನಡುವೆ ಅನುನಾಸಿಕವಿದ್ದು ಸುತ್ತಲೂ ನಾಲ್ಕು ವರ್ಣಗಳಿಂದ ಶೋಭಿಸುವ ಒಂದು ನಗರವಿದೆ, ಅಲ್ಲಿನ ಅರಸರ ಹೆಸರಿಗೆ ಎಂಟು ವರ್ಣ ಎನ್ನುತ್ತಾನೆ. ನಾಲ್ಕು ವರ್ಣ ಎಂದಾಗ ಕೇಳುಗರ ಲಕ್ಷ್ಯ ಜಾತಿಗಳ ಕಡೆಗೆ ಓಡಿರುತ್ತದೆ. ಅವನು ಎಣಿಸುತ್ತಿರುವುದು ಕ್, ಆ, ಚ್, ಈ ಎಂಬ ನಾಲ್ಕನ್ನು. ನಡುವೆ ಞ್ ಇಟ್ಟರೆ ಕಾಞ್ಚೀ, ಅರಸರು ಪಲ್ಲವಾಃ. ಗೋಷ್ಠಿಗಳ ವಿನೋದಕ್ಕೆ, ಜನರ ನಡುವೆ ಗುಟ್ಟು ಮಾತಾಡುವುದಕ್ಕೆ, ಇತರರನ್ನು ಗೊಂದಲಗೊಳಿಸುವುದಕ್ಕೆ ಪ್ರಹೇಳಿಕೆ ಉಪಯೋಗಕ್ಕೆ ಬರುತ್ತದೆ ಎಂದೂ ಅವನೇ ಹೇಳಿದ್ದಾನೆ. ಸಂಧಿ ನಮ್ಮ ಭಾಷೆಯ ನಿತ್ಯದ ನಡೆಯಾದ್ದರಿಂದ ಅದಕ್ಕೆ ಬೇರೆ ಸೂಚನೆ ಬೇಡ.

ಎರಡನೆಯ ತಕರಾರಿನಲ್ಲಿ ಮಾತ್ರ ನಾನು ಪಟ್ಟು ಬಿಡಲಿಲ್ಲ. ‘ಕಡಲಂಚಿನಲ್ಲಿ’ ಎಂದು ಅರ್ಥ ಕೊಟ್ಟ ಮೇಲೆ ಉತ್ತರ ‘ಕರಾವಳಿಯಲ್ಲಿ’ ಎಂದಾಗಬೇಕು. ‘ದಿನಕರನ’ ಎಂಬಲ್ಲಿಯ ಷಷ್ಠಿ ತುಂಡುಗಳನ್ನು ಅಂಟಿಸುವುದಕ್ಕಷ್ಟೇ ಇರುವುದರಿಂದ ನಡೆಯುತ್ತದೆ. ಅರ್ಥದ ಭಾಗ ಮಾತ್ರ ಉತ್ತರದ ವಿಭಕ್ತಿಯಲ್ಲೇ ಇರಬೇಕು. ಶಿರಸಿಯ ಸುಳಿವಿನಲ್ಲಿ ಸಪ್ತಮಿಯನ್ನು ಅಷ್ಟು ಚೊಕ್ಕವಾಗಿ ಬಳಸಿದವರು ಇಲ್ಲಿ ಅದನ್ನು ಸಡಿಲ ಬಿಟ್ಟದ್ದೇಕೆ ಎಂದು ಫೋನಿನಲ್ಲಿ ಕೇಳಿದೆ.

“ಕಡಲಂಚು ಅಂತ ನಿಲ್ಲಿಸಿದರೆ ವಾಕ್ಯ ಸತ್ತುಹೋಗುತ್ತದೆ ತಮ್ಮಾ” ಎಂದರು.

“ಹಾಗಾದರೆ ಅದನ್ನು ಮುಂದಕ್ಕೆ ತನ್ನಿ ಮಾಸ್ತರರೇ. ಕಡಲಂಚು, ದಿನ ಕಳೆದ ದಿನಕರನ ಸಾಲು.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಿದ್ದಿಕೊಳ್ಳುತ್ತೇನೆ ಎಂದರು. ಆದರೆ ಕಾಳಿದಾಸನ ಮೊದಲ ಅಕ್ಷರದಿಂದ ಕೆಳಗಿಳಿಯುವ ‘ಮೆಣಸಿನ ರುಚಿ ಕೇಳಿದರೆ ಏಳು ದಿನ ನಿಲ್ಲುವ ಜಿಲ್ಲಾ ಕೇಂದ್ರ (4)’ ಎಂಬುದರ ವಿಷಯದಲ್ಲಿ ನಮ್ಮ ಜಗಳ ಇನ್ನೂ ಮುಗಿದಿಲ್ಲ. ‘ಖಾರ’ ಎಂಬುದು ಕಿವಿಗೆ ‘ಕಾರ’ ಎಂದು ಬೀಳುತ್ತದೆ, ಅದರ ಮುಂದೆ ‘ವಾರ’ ಎಂದು ಅವರ ವಾದ. ಬರೆದಂತೆಯೇ ಓದುವ ಭಾಷೆಯಲ್ಲಿ ಸಮಾನ ಉಚ್ಚಾರದ ಆಟಕ್ಕೆ ಜಾಗವೇ ಕಡಿಮೆ. ಇರುವ ಅಲ್ಪಸ್ವಲ್ಪವೂ ಮಹಾಪ್ರಾಣವನ್ನು ನುಂಗುವವರ ಬಾಯಿಯನ್ನು ನಂಬಿಕೊಂಡಿದೆ. ತಾಳಮದ್ದಳೆಯ ಅರ್ಥಧಾರಿಯೊಬ್ಬರ ಬಾಯಲ್ಲಿ ಖಾರ ಎಂದಿಗೂ ಕಾರವಾಗದು ಎಂದು ನಾನು ಹೇಳಿದ್ದೇನೆ; ಸಂತೆಯಲ್ಲಿ ಕೇಳಿ ನೋಡು ಎಂದು ಅವರು ಹೇಳಿದ್ದಾರೆ.

ಒಂದು ಸುಳಿವನ್ನು ಬಿಡಿಸದೆ ಇಲ್ಲಿಯೇ ಇಡುತ್ತೇನೆ. ಕುಮಟಾ ತಾಲೂಕಿನ ಕಪ್ಪು ಬಂಡೆಗಳನ್ನು ಕಂಡವರಿಗೆ ಅದು ಕಷ್ಟವಾಗಲಾರದು: ‘ಮೊದಲ ಹೆಜ್ಜೆ ತಪ್ಪಿದ ಪ್ರಯಾಣ ಮುಟ್ಟುವ ಊರು (2)’.