ಭಾನುವಾರಕ್ಕೆ ಮಾತ್ರ ರುಜು ಬೇಕು

2020ರ ಅಕ್ಟೋಬರ್ ತಿಂಗಳ ಒಂದು ಸಂಜೆ ನಮ್ಮ ಮನೆಯ ಬಾಗಿಲು ತಟ್ಟಿದ ಯುವಕನ ಕೈಯಲ್ಲಿ ಒಂದೇ ಬರಹದ ಎರಡು ಹಾಳೆಗಳಿದ್ದವು. ಪಕ್ಕದ ಊರಿನಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಮಾಡುವ ಅವನ ಮುಖ ನಮಗೆ ಹೊಸದಲ್ಲ. ಮನೆಯ ಹಿಂದಿರುವ ಏಳು ಎಕರೆ ಓಕ್ ಮತ್ತು ಮೇಪಲ್ ಮರಗಳ ಕಾಡಿನಲ್ಲಿ, ನಾವು ಈ ಜಾಗವನ್ನು ಕೊಳ್ಳುವ ಮೊದಲಿನಿಂದಲೂ ಅವನು ಜಿಂಕೆ ಬೇಟೆಗೆ ಬರುತ್ತಿದ್ದ. ಹಿಂದಿನ ಮಾಲೀಕರು ಬಾಯಿಮಾತಿನಲ್ಲಿ ಕೊಟ್ಟಿದ್ದ ಒಪ್ಪಿಗೆಯನ್ನು ನಾವೂ ಬಾಯಿಮಾತಿನಲ್ಲೇ ಮುಂದುವರಿಸಿದ್ದೆವು. ಈಗ ಹಾಳೆ ಏಕೆ ಎಂದು ಕೇಳಿದಾಗ ಅವನು ಹೇಳಿದ್ದು ಇಷ್ಟು: ಉಳಿದ ದಿನಗಳಿಗೆ ನಿಮ್ಮ ಮಾತು ಸಾಕು, ಭಾನುವಾರಕ್ಕೆ ಮಾತ್ರ ನಿಮ್ಮ ರುಜು ಬೇಕು. ಆ ವರ್ಷದ ನವೆಂಬರ್ 29, ಭಾನುವಾರ, ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ರೈಫಲ್ ಹಿಡಿದು ಜಿಂಕೆ ಬೇಟೆಯಾಡಲು ಕಾನೂನು ಅವಕಾಶ ಕೊಟ್ಟ ಮೊದಲ ಭಾನುವಾರವಾಗಲಿತ್ತು. ಸುಮಾರು ಒಂದೂವರೆ ಶತಮಾನದಿಂದ ಇದ್ದ ನಿಷೇಧ ಅಲ್ಲಿ ಸಡಿಲವಾಗುತ್ತಿತ್ತು.

ಆ ಹಾಳೆಗೆ ನಾನು ತಕ್ಷಣ ರುಜು ಹಾಕಲಿಲ್ಲ. ಎರಡು ದಿನ ಸಮಯ ಬೇಕೆಂದು ಕೇಳಿಕೊಂಡೆ. ನಮ್ಮದು ಹಾವೇರಿ ಜಿಲ್ಲೆಯ ಒಕ್ಕಲುತನದ ಮನೆತನ, ಮಾಂಸ ತಿನ್ನದವರು. ಬೇಟೆಗೆ ಬಾಯಿಮಾತಿನಲ್ಲಿ ಹೂಂ ಎನ್ನುವುದು ಒಂದು, ಬರೆದುಕೊಡುವುದು ಇನ್ನೊಂದು ಎಂದು ಮನಸ್ಸಿಗೆ ಅನ್ನಿಸಿತ್ತು. ಆದರೆ ನನ್ನನ್ನು ಹೆಚ್ಚು ತಡೆದದ್ದು ಭಾನುವಾರವೇ.

ಪೆನ್ಸಿಲ್ವೇನಿಯಾದ ನಡುಭಾಗದ ಈ ಕಣಿವೆಗೆ ನಾವು ಬಂದ ಮೊದಲ ವರ್ಷ, ಎಲೆ ಉದುರುವ ಕಾಲದಲ್ಲಿ, ಪಕ್ಕದ ಹೊಲದ ಹಿರಿಯರೊಬ್ಬರು ನಮಗೆ ಕೊಟ್ಟ ಮೊದಲ ಬುದ್ಧಿಮಾತು ಭಾನುವಾರದ ಬಗ್ಗೆಯೇ ಆಗಿತ್ತು. ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗುವುದಾದರೆ ನವೆಂಬರ್ ತಿಂಗಳಿನಲ್ಲಿ ಭಾನುವಾರವೇ ಹೋಗಿ ಎಂದಿದ್ದರು. ಶನಿವಾರ ನಸುಕಿನಲ್ಲಿ ಬೆಟ್ಟದ ಸಾಲಿನಿಂದ ಒಂದರ ಹಿಂದೆ ಒಂದು ಗುಂಡಿನ ಸದ್ದು ಕೇಳಿಬರುತ್ತಿತ್ತು. ಮರುದಿನ ಬೆಳಿಗ್ಗೆ ಅದೇ ಬೆಟ್ಟದಲ್ಲಿ ಒಣ ಎಲೆಗಳ ಮೇಲೆ ನಮ್ಮದೇ ಹೆಜ್ಜೆಯ ಸದ್ದು, ಮರಕುಟಿಗದ ಕುಟುಕು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ರಾಜ್ಯದ ಬೇಟೆ ಆಯೋಗ ನೋಡಿಕೊಳ್ಳುವ ಸಾರ್ವಜನಿಕ ಕಾಡುಗಳಲ್ಲಿ ನವೆಂಬರ್ 15ರಿಂದ ಡಿಸೆಂಬರ್ 15ರವರೆಗೆ ಬೇಟೆಯಾಡದೆ ಸುಮ್ಮನೆ ನಡೆಯಲು ಹೋಗುವವರೂ 250 ಚದರ ಅಂಗುಲದಷ್ಟು ಹೊಳೆಯುವ ಕಿತ್ತಳೆ ಬಣ್ಣದ ಬಟ್ಟೆ ತೊಡಬೇಕಿತ್ತು, ಆದರೆ ಆ ನಿಯಮಕ್ಕೂ ಭಾನುವಾರ ರಜೆಯಿತ್ತು. ನನ್ನ ಮಗಳು ನಡೆಯಲು ಕಲಿತದ್ದು ಅಂಥ ಭಾನುವಾರಗಳಲ್ಲಿ, ಆ ದಾರಿಗಳಲ್ಲಿ.

ಈ ನಿಷೇಧ ಎಲ್ಲಿಂದ ಬಂತು ಎಂಬುದನ್ನು ತಿಳಿಯಲು ಹೊರಟಾಗ, ಬೇಟೆಗಿಂತ ಮೊದಲು ಧರ್ಮವೇ ಎದುರಾಯಿತು. ವಿಲಿಯಂ ಪೆನ್ ಈ ವಸಾಹತನ್ನು ಕಟ್ಟಿದಾಗ, 1682ರ ಮೊದಲ ಕಾನೂನುಗಳಲ್ಲೇ ದೇವರ ದಿನದಂದು ಜನ ದುಡಿಮೆಯಿಂದ ಬಿಡುವು ಪಡೆಯಬೇಕೆಂಬ ಮಾತಿತ್ತು. 1794ರಲ್ಲಿ ರಾಜ್ಯ ಭಾನುವಾರದ ಕೆಲಸ ಮತ್ತು ಆಟಗಳನ್ನು ತಡೆಯುವ ಕಟ್ಟುನಿಟ್ಟಿನ ಕಾನೂನು ಮಾಡಿತು. 1873ರ ಬೇಟೆ ಕಾನೂನಿನಲ್ಲಿ ಭಾನುವಾರದ ಬೇಟೆಗೆ ತಡೆ ಬಂತು. ಇದು ಪೆನ್ಸಿಲ್ವೇನಿಯಾದ ಒಂಟಿ ಯೋಚನೆಯೂ ಅಲ್ಲ. ಇಂಗ್ಲೆಂಡಿನ 1831ರ ಬೇಟೆ ಕಾಯಿದೆಯೂ ಭಾನುವಾರ ಮತ್ತು ಕ್ರಿಸ್‌ಮಸ್ ದಿನದಂದು ಬೇಟೆಯ ಹಕ್ಕಿಗಳನ್ನು ಕೊಲ್ಲಬಾರದೆಂದು ಹೇಳಿತ್ತು. ಇಲ್ಲಿ ಇಂಥ ಭಾನುವಾರದ ಕಟ್ಟಳೆಗಳನ್ನು ಒಟ್ಟಾಗಿ ‘ಬ್ಲೂ ಲಾ’ ಎಂದು ಕರೆಯುತ್ತಾರೆ. ಅವು ಒಂದೊಂದಾಗಿ ಕಳಚಿ ಬಿದ್ದವು. ಪೆನ್ಸಿಲ್ವೇನಿಯಾದಲ್ಲಿ ಭಾನುವಾರ ವೃತ್ತಿಪರ ಬೇಸ್‌ಬಾಲ್ ಆಡಲು 1933ರಲ್ಲಿ ಕಾನೂನು ದಾರಿ ಬಿಟ್ಟಿತು, ಅಂಗಡಿಗಳು ತೆರೆದವು, ಕೊನೆಗೆ ಮದ್ಯವೂ ಬಂತು. ಭಾನುವಾರ ಕಾರು ಮಾರುವುದಕ್ಕೆ ಮಾತ್ರ ಇಂದಿಗೂ ತಡೆ ಇದೆ. ಇನ್ನೊಂದು, ಬಹಳ ಕಾಲ ಗಟ್ಟಿಯಾಗಿ ನಿಂತದ್ದು, ಬೇಟೆಯ ನಿಷೇಧ.

ಧರ್ಮದ ಕಾರಣಕ್ಕೆ ಹುಟ್ಟಿದ ಕಾನೂನು ಧರ್ಮನಿರಪೇಕ್ಷ ಸಂವಿಧಾನದ ಕೆಳಗೆ ಹೇಗೆ ಉಳಿಯಬಲ್ಲದು ಎಂಬ ಪ್ರಶ್ನೆಗೆ ಅಮೆರಿಕದ ಸುಪ್ರೀಂ ಕೋರ್ಟ್ 1961ರಲ್ಲಿ ಉತ್ತರ ಕೊಟ್ಟಿದೆ. ಮ್ಯಾಗೋವನ್ ವಿರುದ್ಧ ಮೇರಿಲ್ಯಾಂಡ್ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಬರೆದ ತೀರ್ಪಿನ ತಿರುಳೆಂದರೆ, ಭಾನುವಾರದ ಕಾನೂನುಗಳ ಮೂಲ ಧಾರ್ಮಿಕವಾದರೂ ಈಗಿನ ಉದ್ದೇಶ ಎಲ್ಲರಿಗೂ ಒಂದೇ ದಿನ ಬಿಡುವು ಸಿಗಲಿ ಎಂಬುದು, ಮತ್ತು ಹಾಗೆ ಬಯಸಲು ಸರ್ಕಾರಕ್ಕೆ ಅಧಿಕಾರವಿದೆ. ಅದೇ ದಿನ ಫಿಲಡೆಲ್ಫಿಯಾದ ಯಹೂದಿ ವ್ಯಾಪಾರಿಗಳು ತಂದಿದ್ದ ಮೊಕದ್ದಮೆಯೂ ಸೋತಿತು. ಶನಿವಾರ ತಮ್ಮ ಧರ್ಮಕ್ಕಾಗಿ ಅಂಗಡಿ ಮುಚ್ಚಿ, ಭಾನುವಾರ ಸರ್ಕಾರಕ್ಕಾಗಿ ಮುಚ್ಚಬೇಕಾದವರ ನಷ್ಟವನ್ನು ಆ ತೀರ್ಪು ಹಗುರವಾಗಿ ಕಂಡಿತೆಂಬುದು ನನ್ನ ಅಭಿಪ್ರಾಯ. ಆದರೂ, ಕಾರಣ ಬದಲಾದ ಮೇಲೂ ಕಾನೂನು ಬದುಕಬಲ್ಲದು ಎಂಬ ಆ ತೀರ್ಪಿನ ತಿಳಿವಳಿಕೆ ಬೇಟೆಯ ನಿಷೇಧಕ್ಕೆ ಸರಿಯಾಗಿ ಹೊಂದುತ್ತದೆ.

ಪೆನ್ಸಿಲ್ವೇನಿಯಾದಲ್ಲಿ ಅದನ್ನು ಕೊನೆಗಾಲದಲ್ಲಿ ಕಾಪಾಡಿದವರು ಪಾದ್ರಿಗಳಲ್ಲ, ರೈತರು. ನೆರೆಯ ಹಿರಿಯರು ಅದನ್ನು ವಿವರಿಸಿದ್ದು ತಮ್ಮ ಕೊಟ್ಟಿಗೆಯ ಮುಂದೆ ನಿಂತು. ಅವರ ಹೊಲ ಮತ್ತು ಕಾಡಿಗೆ ಬೇಟೆಯವರು ಬರುವುದನ್ನು ಅವರು ಎಂದೂ ತಡೆದವರಲ್ಲ. ಜಿಂಕೆಗಳು ಅವರ ಮೆಕ್ಕೆಜೋಳವನ್ನೂ ಸೋಯಾಬೀನನ್ನೂ ಮೇಯುತ್ತವೆ, ಬೇಟೆಯವರು ಬರದಿದ್ದರೆ ಅವರಿಗೇ ನಷ್ಟ. ಆದರೆ ಆರು ದಿನ ಯಾರ್ಯಾರೋ ತನ್ನ ಬದುವಿನ ಮೇಲೆ ಕೋವಿ ಹಿಡಿದು ತಿರುಗಿದ ಮೇಲೆ, ಏಳನೆಯ ದಿನ ಹಸುಗಳನ್ನು ಮೇಯಲು ಬಿಟ್ಟು ಮೊಮ್ಮಕ್ಕಳ ಜೊತೆ ತನ್ನದೇ ಹೊಲದಲ್ಲಿ ಅಂಜಿಕೆಯಿಲ್ಲದೆ ನಡೆಯಬೇಕೆಂಬುದು ಅವರ ಆಸೆಯಾಗಿತ್ತು. ಆ ಒಂದು ದಿನವನ್ನೂ ಕೇಳಿದರೆ ಉಳಿದ ಆರು ದಿನಕ್ಕೂ ಬೇಲಿ ಹಾಕುತ್ತೇನೆ ಎಂದು ಅವರು ಹೇಳಿದ ಮಾತು ನನಗೆ ನೆನಪಿದೆ. ಕುದುರೆ ಸವಾರರು, ಕಾಡಿನ ದಾರಿ ಹಿಡಿಯುವವರು, ಹಕ್ಕಿ ನೋಡುವವರು ರೈತರ ಜೊತೆ ನಿಂತರು. ಹೀಗೆ, ದೇವರಿಗೆಂದು ಎತ್ತಿಟ್ಟ ದಿನ ಹೊಲದ ಒಡೆಯನ ಮತ್ತು ದಾರಿಹೋಕನ ದಿನವಾಯಿತು.

ಪ್ರಾಣಿಗಳಿಗೂ ಒಂದು ದಿನ ಬಿಡುವು ಬೇಕೆಂಬ ವಾದವನ್ನು ಹಲವರು ಮಾಡುತ್ತಾರೆ. ಕೇಳಲು ಹಿತವಾದ ಮಾತೇ, ಆದರೆ ಅದರಲ್ಲಿ ಬಲ ಕಡಿಮೆ. ಜಿಂಕೆಗಳ ಸಂಖ್ಯೆಯನ್ನು ನಿರ್ಧರಿಸುವುದು ಬೇಟೆಯ ಋತು ಎಷ್ಟು ದಿನ, ಹೆಣ್ಣು ಜಿಂಕೆಗೆ ಎಷ್ಟು ಪರವಾನಗಿ ಎಂಬ ಲೆಕ್ಕವೇ ಹೊರತು ವಾರದ ಹೆಸರಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಈ ರಾಜ್ಯದಲ್ಲಿ ಜಿಂಕೆ ಬಹುತೇಕ ಅಳಿದುಹೋಗಿತ್ತು. 1895ರಲ್ಲಿ ಹುಟ್ಟಿದ ಬೇಟೆ ಆಯೋಗ ಬೇರೆ ರಾಜ್ಯಗಳಿಂದ ಜಿಂಕೆಗಳನ್ನು ತಂದು ಬಿಡಬೇಕಾಯಿತು. ಈಗ ಸಮಸ್ಯೆ ತಿರುಗುಮುರುಗಾಗಿದೆ. ಹತ್ತಿರದ ಸರ್ಕಾರಿ ಕಾಡಿನಲ್ಲಿ ಎತ್ತರದ ತಂತಿ ಬೇಲಿ ಹಾಕಿದ ಒಂದು ತುಂಡು ಜಾಗವಿದೆ. ಬೇಲಿಯ ಒಳಗೆ ಓಕ್ ಸಸಿಗಳು ನನ್ನ ಎದೆಯೆತ್ತರ ಬೆಳೆದಿವೆ. ಒಂದು ಹೆಜ್ಜೆ ಹೊರಗೆ, ದೊಡ್ಡ ಮರಗಳ ಕೆಳಗೆ ಜಿಂಕೆ ಮುಟ್ಟದ ಜರೀಗಿಡವನ್ನು ಬಿಟ್ಟರೆ ಮೊಣಕಾಲೆತ್ತರದ ಹಸಿರೂ ಇಲ್ಲ. ಇವತ್ತಿನ ಮುದಿ ಮರಗಳು ಬಿದ್ದ ಮೇಲೆ ಕಾಡು ಯಾವುದರಿಂದ ಬೆಳೆಯಬೇಕು ಎಂಬ ಚಿಂತೆ ಅಲ್ಲಿ ನಿಂತವರಿಗೆ ಬಾರದೆ ಇರದು. ತೋಳಗಳೂ ಬೆಟ್ಟದ ಸಿಂಹವೆಂದು ಕರೆಯುವ ಪೂಮಾಗಳೂ ಇಲ್ಲದ ಈ ನೆಲದಲ್ಲಿ ಜಿಂಕೆಯ ಸಂಖ್ಯೆ ಹಿಡಿತದಲ್ಲಿಡಲು ಮನುಷ್ಯ ಬಿಟ್ಟರೆ ಬೇರೆ ದೊಡ್ಡ ಬಲವಿಲ್ಲ. ಮಾಂಸ ತಿನ್ನದ ನನ್ನಂಥವನು ಬೇಟೆಯ ಹಾಳೆಗೆ ರುಜು ಹಾಕಿದ್ದಕ್ಕೆ ಆ ಬೇಲಿಯೇ ಕಾರಣ.

ಬೇಟೆಯವರ ಮಾತಿಗೂ ತೂಕವಿದೆ. ವಾರವಿಡೀ ದುಡಿಯುವವನಿಗೆ, ಶಾಲೆಗೆ ಹೋಗುವ ಹುಡುಗನಿಗೆ ಉಳಿಯುತ್ತಿದ್ದದ್ದು ಶನಿವಾರ ಒಂದೇ, ಆ ಶನಿವಾರ ಮಳೆ ಬಂದರೆ ಅದೂ ಇಲ್ಲ. 1963ರಿಂದ 2018ರವರೆಗೆ ರೈಫಲ್ ಋತು ಆರಂಭವಾಗುತ್ತಿದ್ದದ್ದು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮುಂದಿನ ಸೋಮವಾರ. ಹಳ್ಳಿಯ ಕಡೆಯ ಅನೇಕ ಶಾಲೆಗಳು ಆ ದಿನ ರಜೆಯನ್ನೇ ಕೊಡುತ್ತಿದ್ದವು. 2019ರಲ್ಲಿ ಅದನ್ನು ಶನಿವಾರಕ್ಕೆ ತಂದರು. 1980ರ ದಶಕದ ಆರಂಭದಲ್ಲಿ 12 ಲಕ್ಷ ಮೀರಿದ್ದ ಬೇಟೆ ಪರವಾನಗಿಗಳು ಈಗ 9 ಲಕ್ಷದ ಆಸುಪಾಸಿಗೆ ಇಳಿದಿವೆ, ಮತ್ತು ಆಯೋಗ ನಡೆಯುವುದು ತೆರಿಗೆಯ ಬೊಕ್ಕಸದಿಂದಲ್ಲ, ಈ ಪರವಾನಗಿಯ ಹಣದಿಂದ, ಕೋವಿ, ಮದ್ದುಗುಂಡುಗಳ ಮೇಲಿನ ಕೇಂದ್ರ ಸುಂಕದ ಪಾಲಿನಿಂದ ಮತ್ತು ತನ್ನ ಜಮೀನಿನ ಮರ, ಅನಿಲಗಳ ಆದಾಯದಿಂದ. ಬೇಟೆಯವರು ಕಡಿಮೆಯಾದರೆ ಕಾಡು ಕಾಯುವ ಹಣವೂ ಕಡಿಮೆಯಾಗುತ್ತದೆ.

2019ರ ನವೆಂಬರ್‌ನಲ್ಲಿ ರಾಜ್ಯಪಾಲ ಟಾಮ್ ವುಲ್ಫ್ ರುಜು ಹಾಕಿದ ಕಾನೂನು ವರ್ಷಕ್ಕೆ ಮೂರು ಭಾನುವಾರಗಳನ್ನು ಬಿಟ್ಟುಕೊಟ್ಟಿತು: ಬಿಲ್ಲಿನ ಜಿಂಕೆ ಋತುವಿನಲ್ಲಿ ಒಂದು, ರೈಫಲ್ ಋತುವಿನಲ್ಲಿ ಒಂದು, ಆಯೋಗದ ಆಯ್ಕೆಯದು ಒಂದು. ಅದಕ್ಕೆ ಬದಲಾಗಿ ರೈತರಿಗೆ ಎರಡು ಸಂಗತಿಗಳು ಸಿಕ್ಕವು. ಒಂದು, ಭಾನುವಾರ ಖಾಸಗಿ ಜಮೀನಿನಲ್ಲಿ ಬೇಟೆಯಾಡುವವನ ಜೇಬಿನಲ್ಲಿ ಒಡೆಯನ ಲಿಖಿತ ಒಪ್ಪಿಗೆ ಇರಲೇಬೇಕು. ಇನ್ನೊಂದು, ಬೇಟೆಯ ಸಲುವಾಗಿ ಅತಿಕ್ರಮ ಪ್ರವೇಶ ಮಾಡಿದವನ ಮೇಲೆ, ಬೇರೆ ಯಾವ ತಪ್ಪು ಇಲ್ಲದಿದ್ದರೂ, ಆಯೋಗದ ವಾರ್ಡನ್‌ಗಳೇ ಕ್ರಮ ಕೈಗೊಳ್ಳಬಹುದು. ಅದೇ ವರ್ಷ ನೇರಳೆ ಬಣ್ಣದ ಕಾನೂನೂ ಬಂತು. ನೆಲದಿಂದ ಮೂರರಿಂದ ಐದು ಅಡಿ ಎತ್ತರದಲ್ಲಿ, ಕನಿಷ್ಠ ಎಂಟು ಅಂಗುಲ ಉದ್ದದ ನೇರಳೆ ಪಟ್ಟಿಯನ್ನು ಮರಗಳ ಮೇಲೆ ನೂರು ಅಡಿಗೊಂದರಂತೆ ಬಳಿದರೆ, ರಾಜ್ಯದ ಬಹುಭಾಗದಲ್ಲಿ ಅದು ‘ಒಳಗೆ ಬರಬೇಡಿ’ ಎಂಬ ಫಲಕಕ್ಕೆ ಸಮ. ಫಲಕವನ್ನು ಕಿತ್ತೆಸೆಯಬಹುದು, ಮರದ ತೊಗಟೆಗೆ ಹಿಡಿದ ಬಣ್ಣವನ್ನು ಕೀಳಲಾಗದು. ನೆರೆಯ ಹಿರಿಯರು ತಮ್ಮ ಮನೆಯ ಮಗ್ಗುಲಿನ ಎಲ್ಲೆಗೆ ಮಾತ್ರ ಪಟ್ಟಿ ಬಳಿದು, ಬೆಟ್ಟದ ಕಡೆಯ ಎಲ್ಲೆಯನ್ನು ಹಾಗೆಯೇ ಬಿಟ್ಟರು.

ಬೇರೆ ರಾಜ್ಯಗಳು ಇದೇ ಗಂಟನ್ನು ಬೇರೆ ಬೇರೆ ರೀತಿಯಲ್ಲಿ ಬಿಡಿಸಿಕೊಂಡಿವೆ. ಉತ್ತರ ಕೆರೊಲಿನಾ 2015ರಲ್ಲಿ ಖಾಸಗಿ ಜಮೀನಿನಲ್ಲಿ ಭಾನುವಾರದ ಕೋವಿ ಬೇಟೆಗೆ ಒಪ್ಪಿತಾದರೂ, ಬೆಳಿಗ್ಗೆ ಒಂಬತ್ತೂವರೆಯಿಂದ ಮಧ್ಯಾಹ್ನ ಹನ್ನೆರಡೂವರೆಯವರೆಗೆ, ಅಂದರೆ ಜನ ಪ್ರಾರ್ಥನೆಗೆ ಸೇರುವ ಹೊತ್ತಿನಲ್ಲಿ, ಕೋವಿ ಸುಮ್ಮನಿರಬೇಕೆಂದಿತು. ವರ್ಜೀನಿಯಾ 2014ರಲ್ಲಿ ಖಾಸಗಿ ಜಮೀನಿಗೆ ಒಪ್ಪಿಗೆ ಕೊಟ್ಟು, ಪ್ರಾರ್ಥನಾ ಮಂದಿರದಿಂದ 200 ಗಜದ ಒಳಗೆ ಬೇಡವೆಂದಿತು. ಮೇಯ್ನ್ ರಾಜ್ಯವಾದರೋ ಪೂರ್ಣ ನಿಷೇಧವನ್ನು ಬಿಟ್ಟಿಲ್ಲ. ಅಲ್ಲಿ ಕಾಡಿನ ಬಹುಪಾಲು ಖಾಸಗಿಯವರದು. ಫಲಕವಿಲ್ಲದ ಜಮೀನಿನಲ್ಲಿ ಕೇಳದೆಯೂ ಬೇಟೆಯಾಡುವ ಹಳೆಯ ರೂಢಿಯಿದೆ. ಭಾನುವಾರ ಸುಮ್ಮನಿರುತ್ತೀರಿ, ಆದ್ದರಿಂದ ಉಳಿದ ದಿನ ಬನ್ನಿ ಎಂಬ ಬರೆಯದ ಒಪ್ಪಂದ ಅದು. ಆಹಾರದ ಹಕ್ಕನ್ನು 2021ರಲ್ಲಿ ತನ್ನ ಸಂವಿಧಾನಕ್ಕೆ ಸೇರಿಸಿಕೊಂಡ ಆ ರಾಜ್ಯದಲ್ಲಿ, ಆ ಹಕ್ಕಿನ ಆಧಾರದ ಮೇಲೆ ಭಾನುವಾರದ ನಿಷೇಧವನ್ನು ಪ್ರಶ್ನಿಸಿದ ಮೊಕದ್ದಮೆಯನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2024ರಲ್ಲಿ ತಳ್ಳಿಹಾಕಿತು.

ಇದೆಲ್ಲವನ್ನೂ ಫೋನಿನಲ್ಲಿ ಅಪ್ಪನಿಗೆ ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಂದ್ರ ಅವ್ರ ಐತಾರ ನಮ್ಮ ಸೋಮಾರ ಇದ್ದಂಗ ಬಿಡು, ತಮ್ಮಾ” ಎಂದರು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಬಸವಣ್ಣನ ವಾರವೆಂದು ಹೇಳುತ್ತಾರೆ, ಎತ್ತಿನ ಮೈ ತೊಳೆದು ಪೂಜೆ ಮಾಡುತ್ತಾರೆ. ಎತ್ತಿಗೂ ಆಳಿಗೂ ವಾರಕ್ಕೊಂದು ದಿನ ಉಸಿರಾಡಲು ಬಿಡುವಾಗುತ್ತಿದ್ದದ್ದು ಆ ನೇಮದಿಂದ. ಟ್ರ್ಯಾಕ್ಟರ್ ಬಂದ ಮೇಲೆ ಸೋಮವಾರವೂ ಹೊಲ ಉಳುತ್ತಾರೆ, ಆದರೆ ಎತ್ತು ಕಟ್ಟಿದ ಮನೆಗಳಲ್ಲಿ ಆ ನೇಮ ಇನ್ನೂ ಇದೆ. ಅದಕ್ಕೆ ಯಾವ ಸರ್ಕಾರವೂ ಕಾನೂನು ಬರೆದಿರಲಿಲ್ಲ.

2025ರ ಜುಲೈನಲ್ಲಿ ರಾಜ್ಯಪಾಲ ಜಾಶ್ ಶಪೀರೊ ರುಜು ಹಾಕಿದ ಹೊಸ ಕಾನೂನು 1873ರಿಂದ ಬಂದ ನಿಷೇಧವನ್ನು ಪೂರ್ಣವಾಗಿ ತೆಗೆದುಹಾಕಿ, ಯಾವ ಭಾನುವಾರ ಬೇಟೆ ಎಂಬುದನ್ನು ಗೊತ್ತುಮಾಡುವ ಅಧಿಕಾರವನ್ನು ಆಯೋಗಕ್ಕೆ ಕೊಟ್ಟಿತು. ಆಯೋಗ ಸೆಪ್ಟೆಂಬರ್ 14ರಿಂದ ಡಿಸೆಂಬರ್ 7ರವರೆಗಿನ ಹದಿಮೂರು ಭಾನುವಾರಗಳನ್ನು ತೆರೆಯಿತು. ದಶಕಗಳ ಕಾಲ ಇದನ್ನು ವಿರೋಧಿಸಿದ್ದ ರಾಜ್ಯದ ರೈತ ಸಂಘಟನೆ ಫಾರ್ಮ್ ಬ್ಯೂರೋ ಈ ಬಾರಿ ಬೆಂಬಲಕ್ಕೆ ನಿಂತದ್ದು ನನಗೆ ದೊಡ್ಡ ಸಂಗತಿಯಾಗಿ ಕಂಡಿತು. ಬೆಳೆಹಾನಿ ಒಂದು ಕಾರಣವಾದರೆ, ಬೇಡವೆನ್ನುವ ಹಕ್ಕು ಈಗ ರೈತನ ಕೈಯಲ್ಲೇ ಇರುವುದು ಇನ್ನೊಂದು ಕಾರಣವೆಂದು ನಾನು ತಿಳಿದಿದ್ದೇನೆ. ಖಾಸಗಿ ಜಮೀನಿಗೆ ಭಾನುವಾರ ಲಿಖಿತ ಒಪ್ಪಿಗೆ ಬೇಕೆಂಬ ನಿಯಮ ಹೊಸ ಕಾನೂನಿನಲ್ಲೂ ಉಳಿದಿದೆ. ಸಾರ್ವಜನಿಕ ಕಾಡಿನಲ್ಲಿ ನಡೆಯುವವರಿಗೆ ಅಂಥ ಹಾಳೆಯಿಲ್ಲ, ಅವರ ಶಾಂತವಾದ ಶರತ್ಕಾಲದ ಭಾನುವಾರಗಳು ಹೋದವು, ಮತ್ತು ಅವರ ಬೇಸರ ನ್ಯಾಯವಾದದ್ದು. ನಾವೂ ಈಗ ಎಲ್ಲ ದಿನವೂ ಕಿತ್ತಳೆ ಅಂಗಿ ತೊಟ್ಟೇ ಬೆಟ್ಟ ಹತ್ತುತ್ತೇವೆ.

ಆ ಸೆಪ್ಟೆಂಬರ್‌ನಲ್ಲಿ ಎಲೆಕ್ಟ್ರಿಷಿಯನ್ ಮತ್ತೆ ಎರಡು ಹಾಳೆ ಹಿಡಿದು ಬಂದ. ಈ ಸಲ ಅವನ ಜೊತೆ ಹನ್ನೆರಡು ವರ್ಷದ ಮಗನಿದ್ದ. ಅಡುಗೆಮನೆಯ ಮೇಜಿನ ಮೇಲೆ ಕ್ಯಾಲೆಂಡರ್ ಬಿಡಿಸಿಟ್ಟು, ಹದಿಮೂರರಲ್ಲಿ ನಾಲ್ಕು ಭಾನುವಾರಗಳ ಸುತ್ತ ನನ್ನ ಹೆಂಡತಿ ಪೆನ್ನಿನಿಂದ ಗುರುತು ಹಾಕಿದಳು. ಉಳಿದ ಒಂಬತ್ತು ನಮ್ಮವು ಎಂದಳು. ಅವನು ತಲೆಯಾಡಿಸಿ ಆ ನಾಲ್ಕು ತಾರೀಖುಗಳನ್ನು ತನ್ನ ಕೈಯಿಂದಲೇ ಹಾಳೆಯ ಮೇಲೆ ಬರೆದ. ನಾನು ರುಜು ಹಾಕಿದೆ. ಒಂದು ಹಾಳೆಯನ್ನು ನನಗೆ ಕೊಟ್ಟು, ಇನ್ನೊಂದನ್ನು ನಾಲ್ಕು ಮಡಿಕೆ ಮಾಡಿ ಪರವಾನಗಿಯ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡು, ಮಗನಿಗೆ ಆ ತಾರೀಖುಗಳನ್ನು ಗಟ್ಟಿಯಾಗಿ ಓದಲು ಹೇಳಿದ.