ಅಯ್ಯನವರು ಅಂಕಪಟ್ಟಿ ಕೇಳಿದ ಮೇಲೆ

ಸಮಾಜಶಾಸ್ತ್ರ ಎಂ.ಎ. ಪರೀಕ್ಷೆಯಲ್ಲಿ ಬಂದಿದ್ದ ಪ್ರಶ್ನೆ ಇನ್ನೂ ನೆನಪಿದೆ. ಸಾಮಾಜಿಕ ಬದಲಾವಣೆಗೆ ಧರ್ಮ ಅಡ್ಡಿಯೋ, ಪ್ರೇರಣೆಯೋ? ಅಡ್ಡಿ ಅನ್ನೋದಕ್ಕೆ ಮಾರ್ಕ್ಸ್, ಪ್ರೇರಣೆ ಅನ್ನೋದಕ್ಕೆ ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಅಂತ ಬರೆದೆ. ಒಳ್ಳೆ ಅಂಕವೂ ಬಂತು. ಆ ಪ್ರಶ್ನೆ ನಿಜವಾಗಿ ನನ್ನನ್ನು ಕಾಡತೊಡಗಿದ್ದು ಕೆಲಸಕ್ಕೆ ಸೇರಿದ ಮೇಲೆ.

ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ಬಾಲ್ಯವಿವಾಹ ತಡೆಯುವುದು ನನ್ನ ಕೆಲಸ. ಮೊದಲ ವರ್ಷವೇ ಒಂಬತ್ತನೇ ತರಗತಿಯ ಹುಡುಗಿಗೆ ಮದುವೆ ಗೊತ್ತಾಗಿದೆ ಅಂತ ಸುದ್ದಿ ಬಂತು. 2006ರ ಕಾಯ್ದೆಯ ಪ್ರತಿ ಹಿಡಿದುಕೊಂಡು ಹೋದೆ. ಅಜ್ಜಿ ಕಟ್ಟೆ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಕೈ ನಿಲ್ಲಿಸದೆಯೇ ಕೇಳಿದರು: "ಹುಡುಗಿ ಮೈನೆರೆದು ಎರಡು ವರ್ಷ ಆತು. ಇನ್ನೂ ಮನ್ಯಾಗ ಇಟ್ಕೊಂಡ್ರ ದೇವರು ಮೆಚ್ಚತಾನೇನ್ರಿ ಅಕ್ಕಾರ?"

ಎರಡು ವರ್ಷ ಜೈಲು, ಒಂದು ಲಕ್ಷ ದಂಡ ಅಂದೆ. ಅವರು ದೇವರ ಮಾತಾಡಿದರು, ನಾನು ಜೈಲಿನ ಮಾತಾಡಿದೆ. ಮನೆಯವರು ಮುಚ್ಚಳಿಕೆ ಬರೆದುಕೊಟ್ಟರು. ವಾರ ಕಳೆಯುವುದರೊಳಗೆ ಬೇರೆ ತಾಲ್ಲೂಕಿನ ಗುಡಿಯಲ್ಲಿ, ಬೆಳಗಿನ ಜಾವ ಅಕ್ಕಿಕಾಳು ಬಿದ್ದಾಗಿತ್ತು. ಹುಡುಗಿ ಮತ್ತೆ ಶಾಲೆಗೆ ಬರಲಿಲ್ಲ. ಆ ಓಣಿಗೆ ಹೋದಾಗಲೆಲ್ಲ ಈಗಲೂ ಸಂಕಟವಾಗುತ್ತದೆ.

ಧರ್ಮ ಜನರ ಅಫೀಮು ಅನ್ನೋ ಮಾರ್ಕ್ಸ್ ಮಾತು ಎಲ್ಲರಿಗೂ ಗೊತ್ತು. ಆದರೆ 1844ರ ಆ ಬರಹದಲ್ಲಿ, ಆ ಮಾತಿಗಿಂತ ತುಸು ಮೊದಲೇ, ಧರ್ಮವನ್ನು ನೊಂದ ಜೀವಿಯ ನಿಟ್ಟುಸಿರು ಅಂತಲೂ ಅವನು ಕರೆದಿದ್ದಾನೆ. ಅಜ್ಜಿಯ ಮಾತಿನಲ್ಲಿದ್ದ ಆ ನಿಟ್ಟುಸಿರು ನನಗೆ ಕೇಳಿಸಿರಲಿಲ್ಲ. ಮಗ, ಸೊಸೆ ಇಬ್ಬರೂ ಗುಳೆ ಹೋಗುವವರು. ವಯಸ್ಸಿಗೆ ಬಂದ ಹುಡುಗಿಯನ್ನು ಯಾರ ಕೈಲಿ ಬಿಟ್ಟು ಹೋಗಬೇಕು? ಆ ಭಯವೇ ದೇವರ ಹೆಸರಲ್ಲಿ ಮಾತಾಡಿತ್ತು.

ಆಮೇಲೆ ಹಳೆಯದನ್ನು ಓದತೊಡಗಿದೆ. 1891ರಲ್ಲಿ ಬ್ರಿಟಿಷ್ ಸರ್ಕಾರ ಲೈಂಗಿಕ ಸಂಬಂಧಕ್ಕೆ, ಮದುವೆಯಾದವರಿಗೂ ಸೇರಿ, ಹುಡುಗಿಯರ ಸಮ್ಮತಿಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಲು ಹೊರಟಿತು. ನಮ್ಮ ಧರ್ಮದಲ್ಲಿ ಪರಕೀಯ ಸರ್ಕಾರ ಕೈಹಾಕಬಾರದು ಅಂತ ತಿಲಕರು ವಿರೋಧಿಸಿದರು. ಸಂಸ್ಕೃತ ವಿದ್ವಾಂಸ ರಾ.ಗೋ. ಭಂಡಾರ್ಕರ್ ಧರ್ಮಶಾಸ್ತ್ರದ ಗ್ರಂಥಗಳನ್ನೇ ತೆಗೆದು, ಮೈನೆರೆದ ಮೇಲೆ ಮದುವೆ ಮಾಡಿದರೂ ಶಾಸ್ತ್ರದ ಒಪ್ಪಿಗೆ ಇದೆ ಅಂತ ವಾದಿಸಿದರು. ಮೂರು ವರ್ಷದಲ್ಲಿ ಮೈಸೂರು ಸಂಸ್ಥಾನವೂ 8 ವರ್ಷದೊಳಗಿನ ಹುಡುಗಿಯರ ಮದುವೆ ನಿಷೇಧಿಸಿತು. ನನ್ನ ಹಳ್ಳಿಯ ಭಂಡಾರ್ಕರ್ ಯಾರು ಅಂತ ಹುಡುಕಬೇಕಿತ್ತು, ಅಲ್ವಾ? ನಾನು ಸೀದಾ ಪೊಲೀಸರ ಹೆಸರು ಹೇಳಿದ್ದೆ.

ವೇಬರ್ ಬರೆದದ್ದು ಯುರೋಪಿನ ಪ್ರೊಟೆಸ್ಟೆಂಟರ ಬಗ್ಗೆ: ನಂಬಿಕೆ ಬದಲಾದರೆ ದುಡಿಯುವ ರೀತಿಯೂ ಬದಲಾಗುತ್ತದೆ ಅಂತ. ನಾನು ಅದನ್ನು ಕಂಡಿದ್ದು ಅಯ್ಯನವರ ಪಡಸಾಲೆಯಲ್ಲಿ. ಸುತ್ತಲ ಏಳೆಂಟು ಹಳ್ಳಿಗೆ ಮುಹೂರ್ತ ತೆಗೆದುಕೊಡುವವರು ಅವರೇ. ಕಾಯ್ದೆಯ ಪ್ರತಿ ಚೀಲದಿಂದ ಹೊರಗೆ ತೆಗೆಯಲಿಲ್ಲ. ಹೆರಿಗೆಯಲ್ಲಿ ತೀರಿಕೊಂಡ ಹದಿನಾರರ ಹುಡುಗಿಯ ಬಗ್ಗೆ ಹೇಳಿದೆ. ಅವಳ ಮದುವೆಗೂ ಮಂತ್ರ ಹೇಳಿದ್ದು ಅವರೇ ಅಂತ ನನಗೆ ಗೊತ್ತಿರಲಿಲ್ಲ. ಅಯ್ಯನವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಪಂಚಾಂಗ ಮುಚ್ಚಿಟ್ಟು, "ಇನ್ನ ಮ್ಯಾಲ ಮೊದಲ ಅಂಕಪಟ್ಟಿ, ಆಮ್ಯಾಲ ಮುಹೂರ್ತ" ಅಂದರು. ಹುಟ್ಟಿದ ದಿನಾಂಕ ಇರೋದು ಅಂಕಪಟ್ಟಿಯಲ್ಲೇ ಅಲ್ವಾ.

ಹೇಳಿದಂತೆ ನಡೆದುಕೊಂಡರು. ಆ ಬೇಸಿಗೆಯಲ್ಲಿ ಮೂರು ಮನೆಯವರನ್ನು ವಾಪಸ್ ಕಳಿಸಿದರು. ಅಯ್ಯನವರೇ ಬೇಡ ಅಂದ ಮೇಲೆ ಎರಡು ಮನೆಯವರು ಸುಮ್ಮನಾದರು. ಮೂರನೆಯವರು ಬೇರೆ ಕಡೆ ಮದುವೆಗೆ ಹೊರಟಿದ್ದನ್ನು ಅಯ್ಯನವರೇ ಫೋನ್ ಮಾಡಿ ತಿಳಿಸಿದರು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ತಡೆದೆವು. ಕಾಯ್ದೆ ಬೇಕೇ ಬೇಕು, ಆದರೆ ಆ ಫೋನ್ ಬಾರದಿದ್ದರೆ ನಮ್ಮ ಕಾಯ್ದೆ ಚೀಲದಲ್ಲೇ ಇರುತ್ತಿತ್ತು.

ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಹೋದ ವರ್ಷ ಹುಡುಗ, ಹುಡುಗಿ ಇಬ್ಬರೂ ಅಂಕಪಟ್ಟಿ ಹಿಡಿದುಕೊಂಡು ಇದೇ ಅಯ್ಯನವರ ಹತ್ತಿರ ಹೋದರು. ಅವನಿಗೆ 24, ಅವಳಿಗೆ 21. ಜಾತಿ ಬೇರೆ ಬೇರೆ. ಅಯ್ಯನವರು ಆಗೋದಿಲ್ಲ ಅಂದುಬಿಟ್ಟರು. ಅವರ ಪಡಸಾಲೆಯ ಗೋಡೆ ಮೇಲೆ ಬಸವಣ್ಣನವರ ಫೋಟೋ ಇದೆ. ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ಕಲ್ಯಾಣದಲ್ಲಿ ಮದುವೆಯಾದ ಕಥೆಯನ್ನು ಅವರೇ ಪುರಾಣ ಹೇಳುವಾಗ ಕಣ್ಣೀರು ತರಿಸುವಂತೆ ಹೇಳುತ್ತಾರೆ. ಅದನ್ನೇ ನೆನಪಿಸಿದೆ. "ಅವರು ಶರಣರು, ಅಕ್ಕಾರ. ನಾವು ಊರಾಗ ಬಾಳೇ ಮಾಡೋರು," ಅಂದರು.

ಆ ಜೋಡಿ ಉಪನೋಂದಣಿ ಕಚೇರಿಯಲ್ಲಿ 30 ದಿನದ ನೋಟಿಸ್ ಮುಗಿಸಿ ಮದುವೆಯಾಯಿತು. ನಾನು ಸಾಕ್ಷಿ ಹಾಕಿದೆ. ಬರುವ ಸೋಮವಾರ ಮತ್ತೆ ಅಯ್ಯನವರ ಮನೆಗೆ ಹೋಗಬೇಕು, ಮದುವೆ ಸೀಸನ್ ಹತ್ತಿರ ಬಂತು. ಈ ಸಲ ಆ ಜೋಡಿಯನ್ನೂ ಕರೆದುಕೊಂಡು ಹೋಗುತ್ತೇನೆ. ಊಟಕ್ಕೆ ಬನ್ನಿ ಅಂತ ಅಯ್ಯನವರ ಹೆಂಡತಿಯೇ ಹೇಳಿಕಳಿಸಿದ್ದಾರೆ.